ಆಯುಧಪೂಜೆಯ ದಿನ ಬೆರಳಲ್ಲೇ ಬಿಗಿದ ಬೋಲ್ಟುಗಳು

ದೋಣಿಯ ಎಂಜಿನ್ ರಿಪೇರಿ ಮಾಡಲು ದೋಣಿ ನಡೆಸಿ ಗೊತ್ತಿರಬೇಕೆಂದೇನೂ ಇಲ್ಲ. ಎಂಜಿನ್ ಎಂದರೆ ಎಂಜಿನ್. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಆಮೇಲೆ ಇಷ್ಟು ವರ್ಷ ವಾಟರ್ ಫಿಲ್ಟರ್ ಮಾರಿದವನಾದರೂ ನನಗೆ ಈ ವಿಷಯದಲ್ಲಿ ಕಿಂಚಿತ್ತೂ ಅನುಮಾನವಿರಲಿಲ್ಲ.

ಅಟ್ಟೂರಿನಾಚೆ ನಮ್ಮ ಬಡಾವಣೆಯ ಹಿಂದೆ ಒಂದು ಸಣ್ಣ ಕೆರೆ ಇದೆ. ಅಂತರಗಂಗೆ ಕಳೆ ಅದನ್ನು ನುಂಗುತ್ತಿತ್ತು. ಕಳೆ ಎಳೆದು ಹಾಕಲು ಕೆರೆ ಸಮಿತಿಯವರು ಎಲ್ಲಿಂದಲೋ ಒಂದು ಹಳೆಯ ದೋಣಿ ತಂದರು. ದೋಣಿಯ ಹಿಂಬದಿಯ ಹಲಗೆಗೆ ನಾಲ್ಕು ಬೋಲ್ಟುಗಳಲ್ಲಿ ಕೂರಿಸಿದ ಎಂಜಿನ್. ಅದರ ಕೆಳತುದಿಗೆ, ನೀರಿನೊಳಗೆ, ತಿರುಗುವ ಫ್ಯಾನು. ಕೀ ತಿರುಗಿಸಿ ಬಟನ್ ಒತ್ತಿದರೆ ಸ್ಟಾರ್ಟ್ ಆಗಬೇಕು. ಆಗುತ್ತಿರಲಿಲ್ಲ. ‘ಟಿಕ್’ ಎಂದು ಸುಮ್ಮನಾಗುತ್ತಿತ್ತು.

“ನಾನು ನೋಡ್ತೀನಿ” ಎಂದೆ. ಯಾರೂ ನನ್ನನ್ನು ಕೇಳಿರಲಿಲ್ಲ.

ಎಂಜಿನ್ ಬಿಚ್ಚಿ, ಬ್ಯಾಟರಿ ಸಮೇತ ಮನೆಗೆ ತಂದೆ. ಜೊತೆಗೆ ರಫೀಕ್. ಸ್ಕೂಲಿನಿಂದ ನನ್ನ ಗೆಳೆಯ, ಬಸ್‌ಸ್ಟಾಪಿನ ಹತ್ತಿರ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ. ಮೊದಲು ಬ್ಯಾಟರಿ ಪರೀಕ್ಷಿಸಿದೆ, ಚೆನ್ನಾಗಿತ್ತು. ವೈರುಗಳೂ ಸರಿಯಾಗಿದ್ದವು. ಕೊನೆಗೆ ಉಳಿದದ್ದು ರಿಲೇ, ಅಂದರೆ ಬ್ಯಾಟರಿಯ ಕರೆಂಟನ್ನು ಸ್ಟಾರ್ಟರಿಗೆ ದಾಟಿಸುವ ಪುಟ್ಟ ಡಬ್ಬಿ. ಅದರ ತಲೆಗೆ ಸ್ಪ್ಯಾನರಿನಿಂದ ಒಂದು ಏಟು ಕುಟ್ಟಿದೆ. ಸ್ಟಾರ್ಟರ್ ತಿರುಗಿತು. ರೋಗ ಪತ್ತೆ, ಚಿಕಿತ್ಸೆ, ಗುಣ, ಎಲ್ಲವೂ ಒಂದೇ ಏಟಿಗೆ.

ಆ ಹುರುಪಿನಲ್ಲೇ ಇನ್ನೊಂದು ಸುಧಾರಣೆ ಮಾಡಿದೆ. ಗೇರು ನ್ಯೂಟ್ರಲ್‌ನಲ್ಲಿ ಇಲ್ಲದಿದ್ದರೆ ಬಟನ್ ಒತ್ತಿದರೂ ಸ್ಟಾರ್ಟರ್ ತಿರುಗದಂತೆ ತಡೆಯುವ ಸ್ವಿಚ್ ಒಂದಿತ್ತು. ತುಕ್ಕು ಹಿಡಿದಿತ್ತು. ಇದೊಂದು ಅನಗತ್ಯ ಅಡಚಣೆ ಎಂದು ತೀರ್ಮಾನಿಸಿ, ಅದರ ಎರಡೂ ವೈರನ್ನು ನೇರವಾಗಿ ಸೇರಿಸಿ ಟೇಪು ಸುತ್ತಿದೆ. ಬ್ಯಾಟರಿಯ ಟರ್ಮಿನಲ್‌ಗಳನ್ನು ಮಾತ್ರ ಸ್ಪ್ಯಾನರ್ ಹಾಕಿ, ಮೈಭಾರವನ್ನೆಲ್ಲ ಬಿಟ್ಟು ಬಿಗಿದೆ. ನನ್ನ ಇಡೀ ರಿಪೇರಿಯಲ್ಲಿ ಸರಿಯಾಗಿ ಬಿಗಿಯಾದದ್ದು ಅದೊಂದೇ.

ಮರುದಿನ ಆಯುಧಪೂಜೆ. ಎಂಜಿನ್ ಮತ್ತೆ ದೋಣಿಗೆ ಏರಿಸಲು ಹೊರಟಾಗ ಹೆಂಡತಿಯನ್ನು ಕೇಳಿದೆ.

“ಪದ್ಮಾ, ಒಂದ್ ಸ್ಪ್ಯಾನರ್ ಕೊಡು.”

“ಎಲ್ಲಾ ಪೂಜೆಗಿಟ್ಟಾಯ್ತು. ನಾಳೆವರ್ಗೂ ಮುಟ್ಟಂಗಿಲ್ಲ.”

“ನಾಲ್ಕೇ ನಟ್ಟು ಕಣೇ.”

“ನಾಲ್ಕಾದ್ರೂ ಅಷ್ಟೇ, ನಲವತ್ತಾದ್ರೂ ಅಷ್ಟೇ. ಹೂ ಇಟ್ಟಿದೀನಿ ರೀ ಅದ್ರ ಮೇಲೆ.”

ದೇವರ ಮುಂದೆ ಸ್ಪ್ಯಾನರು, ಇಕ್ಕಳ, ಸ್ಕ್ರೂಡ್ರೈವರು, ಈಳಿಗೆಮಣೆ ಎಲ್ಲವೂ ಕುಂಕುಮ ಹಚ್ಚಿಕೊಂಡು ರಜೆಯಲ್ಲಿ ಕೂತಿದ್ದವು. ರಫೀಕ್‌ಗೆ ಫೋನ್ ಮಾಡಿದೆ.

“ನಮ್ ಹುಡುಗ್ರೂ ಅಂಗಡಿ ಪೂರಾ ಪೂಜೆ ಮಾಡಿ ಶಟರ್ ಎಳ್ದವ್ರೆ ಗುರು. ಇವತ್ತು ಸ್ಪ್ಯಾನರ್ ತೆಗಿ ಅಂದ್ರೆ ನಂಗೇ ಕುಂಬಳಕಾಯಿ ಥರ ಒಡೀತಾರೆ.”

ಹಾಗಾಗಿ ನಾಲ್ಕೂ ನಟ್ಟುಗಳನ್ನು ಬೆರಳಲ್ಲೇ ತಿರುಗಿಸಿದೆ. ಎಂಜಿನ್ನಿನ ಭಾರವೇ ಅದನ್ನು ಹಲಗೆಗೆ ಒತ್ತಿ ಹಿಡಿಯುತ್ತದೆಂಬ ಸಿದ್ಧಾಂತವೊಂದನ್ನು ಅಲ್ಲೇ ರಚಿಸಿದೆ. ಯಾವ ಕಾಲೇಜಿನಲ್ಲೂ ಇದನ್ನು ಕಲಿಸುವುದಿಲ್ಲ.

ಸಂಜೆ ಕೆರೆಯಂಚಿನಲ್ಲಿ ದೋಣಿಗೆ ಪೂಜೆ. ಬಕೆಟ್ಟುಗಟ್ಟಲೆ ನೀರು ಸುರಿದು ಎಂಜಿನ್ ತೊಳೆದೆ. ಚೆಂಡುಹೂವಿನ ಹಾರ ಹಾಕಿದೆವು. ಪದ್ಮ ಆರತಿ ಬೆಳಗಿದಳು. ಎಲ್ಲರೂ ಕೈಮುಗಿದು ಕಣ್ಣು ಮುಚ್ಚಿದಾಗ, ಯಾರೂ ಮುಟ್ಟದ ಎಂಜಿನ್ ‘ಗರ್‌ರ್’ ಎಂದು ಅರೆಕ್ಷಣ ತಿರುಗಿ ನಿಂತಿತು. ಹಾರದಿಂದ ಒಂದು ಹೂ ಉದುರಿ ಬಿತ್ತು. ಬಲಗಡೆಗೆ.

“ಪ್ರಸಾದ ಆಯ್ತು” ಎಂದು ಪದ್ಮ ಕಣ್ಣಿಗೊತ್ತಿಕೊಂಡಳು.

ರಫೀಕ್ ಮಾತ್ರ ನನ್ನ ಪಕ್ಕಕ್ಕೆ ಸರಿದ. “ಗುರು, ಕೀ ನಿನ್ ಕೈಯಲ್ಲೇ ಐತೆ. ಅದ್ ಹೆಂಗ್ ತಿರುಗ್ತು?”

“ಒಳಗೆ ಸ್ವಲ್ಪ ಕರೆಂಟ್ ಉಳ್ಕೊಂಡಿರತ್ತೆ ಕಣೋ” ಎಂದೆ, ಗಂಭೀರವಾಗಿ. ಹಾಗೆ ಉಳಿಯುವುದಿಲ್ಲ.

ಪೂಜೆಯಾದ ಗಾಡಿ ಒಂದು ರೌಂಡ್ ಹೋಗಲೇಬೇಕು. ರಫೀಕ್ ಮತ್ತು ನಾನು ಹತ್ತಿದೆವು. ಬಟನ್ ಒತ್ತಿದೆ, ಸ್ಟಾರ್ಟ್ ಆಯಿತು. ದಡದಲ್ಲಿದ್ದವರು ಚಪ್ಪಾಳೆ ತಟ್ಟಿದರು. ಜೊಂಡಿನ ಹತ್ತಿರ ಹೋಗುವಷ್ಟರಲ್ಲಿ ಅಂತರಗಂಗೆ ಫ್ಯಾನಿಗೆ ಸುತ್ತಿಕೊಂಡು ಎಂಜಿನ್ ನಿಂತಿತು.

ಕತ್ತಲಾಗುತ್ತಿತ್ತು. ನೀರಿನ ಮೇಲೆ ತೆಳ್ಳಗೆ ಮಂಜು. ದಡದ ಮಾತುಗಳು ಕೇಳಿಸುತ್ತಿರಲಿಲ್ಲ. ಜೊಂಡಿನಲ್ಲಿ ಸದಾ ಗಲಾಟೆ ಮಾಡುವ ನೀರುಕೋಳಿಗಳು ಯಾಕೋ ಒಟ್ಟಿಗೆ ಸುಮ್ಮನಾದವು.

“ಎದೆಮಟ್ಟ ನೀರು ಅಷ್ಟೇ, ನಾನ್ ಇಳೀತೀನಿ” ಎಂದು ರಫೀಕ್ ಇಳಿದ. ನಾನು ಸುರಕ್ಷತೆಯ ದೃಷ್ಟಿಯಿಂದ ಕೀ ತೆಗೆದು ಜೇಬಿಗೆ ಹಾಕಿದೆ. ಹಾಕಿದ್ದ ಗೇರು ಹಾಗೇ ಇತ್ತು. ಅವನು ಟವೆಲನ್ನು ಕೈಗೆ ಸುತ್ತಿಕೊಂಡು, ನೀರಿನೊಳಗೆ ಕೈಹಾಕಿ ಕಳೆ ಎಳೆಯತೊಡಗಿದ.

ಗರ್‌ರ್.

ಎಂಜಿನ್ನಿನ ಆರ್ಭಟವಲ್ಲ ಅದು. ನಿದ್ದೆಯಲ್ಲಿ ಯಾರೋ ಹಲ್ಲು ಕಡಿದ ಸದ್ದು. ಫ್ಯಾನು ನೀರಿನೊಳಗೆ ಒಂದು ಸುತ್ತು ಹಾಕಿ ನಿಂತಿತು.

ರಫೀಕ್ ಅಲ್ಲಾಡದೆ ನನ್ನನ್ನೇ ನೋಡಿದ. “ತಮಾಷೆ ಬೇಡ ಗುರು.”

“ನಾನಲ್ಲ.”

“ಮತ್ಯಾರು?”

ಎಂಜಿನ್ ಉತ್ತರಿಸಿತು. ಈ ಸಲ ನಿಲ್ಲಲಿಲ್ಲ. ಟವೆಲಿನ ತುದಿ ಫ್ಯಾನಿಗೆ ಸಿಕ್ಕಿ ಸುತ್ತಿಕೊಳ್ಳುತ್ತಾ ರಫೀಕ್‌ನ ಕೈಯನ್ನು ಒಳಕ್ಕೆ ಎಳೆಯಿತು. ಭುಜ ಮುಳುಗಿತು, ಗಲ್ಲ ಮುಳುಗಿತು.

“ಆಫ್ ಮಾಡೋ! ಕೈ ಹೋಗ್ತೈತೆ, ಆಫ್ ಮಾಡೋ!”

ನಾನು ಜೇಬಿನಿಂದ ಕೀ ತೆಗೆದು ಅವನಿಗೆ ತೋರಿಸಿದೆ. “ಆಫ್ ಆಗೇ ಇದೆ ಕಣೋ, ನೋಡು.” ಗೆಳೆಯನ ಕೈ ಹೋಗುವ ಹೊತ್ತಿನಲ್ಲಿ ನಾನು ಸಾಕ್ಷ್ಯಾಧಾರ ಹಾಜರುಪಡಿಸುತ್ತಿದ್ದೆ.

ಬ್ಯಾಟರಿಯ ವೈರು ಕೀಳಲು ಬಗ್ಗಿದೆ. ಉಗುರು ಕಿತ್ತು ಬಂತು, ಟರ್ಮಿನಲ್ ಬರಲಿಲ್ಲ. ಅಷ್ಟರಲ್ಲಿ ಹಿಂದೆ ‘ಟಪ್’ ಎಂದು ಒಂದು ನಟ್ಟು ನೀರಿಗೆ ಬಿತ್ತು. ಇನ್ನೊಂದು. ಎಂಜಿನ್ ಹಲಗೆಯ ಮೇಲೆ ತಲೆಯಾಡಿಸಿತು, ಹಾರ ಹಾಕಿಕೊಂಡೇ ಪಕ್ಕಕ್ಕೆ ವಾಲಿ, ನೀರಿಗೆ ಉರುಳಿತು. ರಫೀಕ್ ನಿಂತಿದ್ದ ಜಾಗದಲ್ಲಿ ನೀರು ಮಾತ್ರ ಇತ್ತು.

ಬ್ಯಾಟರಿಯ ವೈರು ಬಿಗಿದ ತಂತಿಯಂತೆ ನೀರಿನೊಳಗೆ ಇಳಿದಿತ್ತು. ತಳದಲ್ಲಿ ಬಿದ್ದುಕೊಂಡೂ ಎಂಜಿನ್ ತಿರುಗುತ್ತಿತ್ತು. ದೋಣಿಯ ಹಲಗೆಯ ಮೂಲಕ ನನ್ನ ಅಂಗಾಲಿಗೆ ಆ ನಡುಕ ಬರುತ್ತಿತ್ತು. ಆಮೇಲೆ ಅದೂ ನಿಂತಿತು. ದೊಡ್ಡದೊಂದು ಗುಳ್ಳೆ ಎದ್ದು ಒಡೆಯಿತು. ಈಗಲೂ ಅಡುಗೆಮನೆಯಲ್ಲಿ ಮಿಕ್ಸಿ ಶುರುವಾದರೆ ನಾನು ಅಲ್ಲೇ, ಅದೇ ನೀರನ್ನು ನೋಡುತ್ತಾ ನಿಲ್ಲುತ್ತೇನೆ.

ಜೊಂಡಿನ ಕಡೆಯಿಂದ ಕೆಮ್ಮು ಕೇಳಿಸಿತು. ತಲೆಯ ಮೇಲೆ ಅಂತರಗಂಗೆ ಹೊತ್ತು ರಫೀಕ್ ಎದ್ದಿದ್ದ. ಎಂಜಿನ್ ಉರುಳುವಾಗ ಟವೆಲು ಹರಿದು ಅವನನ್ನು ಬಿಟ್ಟಿತ್ತು. ಅವನು ಬೆರಳುಗಳನ್ನು ಒಂದೊಂದಾಗಿ ಮಡಿಸಿ, ಬಿಡಿಸಿ ನೋಡಿಕೊಳ್ಳುತ್ತಿದ್ದ. ಎಲ್ಲವೂ ಇದ್ದವು.

ದಡಕ್ಕೆ ಬಂದು ಅವನು ಒದ್ದೆ ಶರ್ಟು ಹಿಂಡಿಕೊಂಡ. ಯಾರೂ ಕೇಳದಿದ್ದರೂ ನಾನು ವಿವರಣೆ ಆರಂಭಿಸಿದೆ. ತೊಳೆದ ನೀರು ರಿಲೇಯೊಳಗೆ ಇಳಿದಿರಬೇಕು, ಅದಕ್ಕೆ ಕರೆಂಟು ಬ್ಯಾಟರಿಯಿಂದಲೇ ನೇರ ಬರುವುದರಿಂದ ಕೀ ಲೆಕ್ಕಕ್ಕಿಲ್ಲ, ಆದ್ದರಿಂದ ಯಾರೂ ಏನೂ ಮಾಡಲು ಸಾಧ್ಯವಿರಲಿಲ್ಲ, ಇತ್ಯಾದಿ. ಟೇಪು ಸುತ್ತಿದ ಸ್ವಿಚ್ಚಿನ ವಿಷಯ ಎತ್ತಲಿಲ್ಲ.

ಪದ್ಮ ಪೂರ್ತಿ ಕೇಳಿದಳು. “ಗೇರ್ ನ್ಯೂಟ್ರಲ್‌ಗೆ ತಂದಿದ್ರೆ ಫ್ಯಾನು ನಿಲ್ತಿರ್ಲಿಲ್ವಾ ರೀ?”

ನಿಲ್ಲುತ್ತಿತ್ತು. ಲಿವರು ನನ್ನ ಮೊಣಕಾಲಿಗೆ ತಾಗುತ್ತಲೇ ಇತ್ತು.

“ಡ್ರೈವಿಂಗ್ ಸ್ಕೂಲಲ್ಲಿ ನಂಗೆ ಮೊದಲ್ನೇ ದಿನ ಹೇಳ್ಕೊಟ್ಟಿದ್ದೇ ಅದು” ಎಂದಳು. ಆಗ ರಫೀಕ್ ನಕ್ಕ. ನಗುತ್ತಲೇ ಇದ್ದ. ಅವನ ಹಲ್ಲು ಕಟಕಟಿಸುತ್ತಿದ್ದವು.

ಈಗ ನಾವು ದೋಣಿಯನ್ನು ಬಿದಿರಿನ ಗಳುವಿನಿಂದ ತಳ್ಳುತ್ತೇವೆ. ‘ತಳ್ಳುತ್ತೇವೆ’ ಎನ್ನುವುದರಲ್ಲಿ ನಾನಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ರಫೀಕ್ ಕಳೆ ಎಳೆಯಲು ನೀರಿಗೆ ಇಳಿಯುವ ಮುನ್ನ ನನ್ನನ್ನು ದಡದಲ್ಲಿ, ತನಗೆ ಕಾಣುವ ಕಡೆ ನಿಲ್ಲಿಸುತ್ತಾನೆ. “ಎರಡೂ ಕೈ ಮ್ಯಾಲೆತ್ತು ಗುರು” ಎನ್ನುತ್ತಾನೆ. ಅವನು ಮೇಲೆ ಬರುವವರೆಗೂ ನಾನು ಕೈ ಇಳಿಸುವುದಿಲ್ಲ. ಮೊನ್ನೆ ವಾಕಿಂಗ್ ಬಂದ ಹಿರಿಯರೊಬ್ಬರು, ಇದು ಭುಜದ ನೋವಿಗೆ ಒಳ್ಳೆಯದೇ ಎಂದು ವಿಚಾರಿಸಿ, ನನ್ನ ಪಕ್ಕದಲ್ಲೇ ಕೈಯೆತ್ತಿ ನಿಂತರು.