ತಿರ್ಲಾಪುರಕ್ಕೆ ಒಂದು ಥರ್ಮಾಸ್ ಕಾಫಿ

ಒಂದು ಲೋಟ ಕಾಫಿ ತರುವುದೇನು ಮಹಾ ಕೆಲಸ! ಹೀಗೆಂದುಕೊಂಡೇ ನಾನು ಆ ಭಾನುವಾರ ಮುಂಜಾನೆ ಮನೆಯಿಂದ ಹೊರಬಿದ್ದೆ. ಎಂಬತ್ತರ ದಶಕದ ಮಾತು. ನವಲಗುಂದ ತಾಲೂಕಿನ ತಿರ್ಲಾಪುರದಲ್ಲಿ ಏಳನೇ ಇಯತ್ತೆಗೆ ಗಣಿತ ಕಲಿಸುವ ಮಾಸ್ತರ ನಾನು. ಒಂದು ನಳದಿಂದ ತುಂಬಿ ಇನ್ನೊಂದು ನಳದಿಂದ ಸೋರುವ ಟಾಕಿಯ ಲೆಕ್ಕವನ್ನು ಕಣ್ಣು ಮುಚ್ಚಿ ಬಿಡಿಸುವವನಿಗೆ ಒಂದು ಲೋಟ ಕಾಫಿ ಯಾವ ಲೆಕ್ಕ?

ಕಾಫಿ ಬೇಕಾಗಿದ್ದದ್ದು ನನ್ನ ಹೆಂಡತಿ ಸುಮಿತ್ರಾಳಿಗೆ. ಆಕೆ ಮೈಸೂರಿನವಳು. ನಾನು ಶಿಕ್ಷಕರ ತರಬೇತಿಗೆಂದು ಅಲ್ಲಿಗೆ ಹೋಗಿ, ಅವರ ಮನೆಯ ಹೊರಗಿನ ಕೋಣೆಯಲ್ಲಿ ಬಾಡಿಗೆಗಿದ್ದು, ಸರ್ಟಿಫಿಕೇಟಿನ ಜೊತೆಗೆ ಮನೆಯ ಮಗಳನ್ನೂ ಪಡೆದುಕೊಂಡು ಬಂದವನು. ಅಂಥ ಕಾಫಿಯ ಮನೆಯಲ್ಲಿದ್ದೂ ವರ್ಷವಿಡೀ "ನನಗ ಚಹಾನೇ ಇರಲ್ರಿ" ಎಂದು ಹಟ ಹಿಡಿದು ಚಹಾ ಕುಡಿದ ಮಹಾನುಭಾವ! ಕಾಫಿಯ ರುಚಿ ಏನೆಂದು ನನ್ನ ನಾಲಿಗೆಗೆ ಗೊತ್ತೇ ಇರಲಿಲ್ಲ. ಆಕೆಗಾದರೋ ನಮ್ಮೂರು ಪರದೇಶ. ಪಾಪ, ರೊಟ್ಟಿ ಬಡಿಯುವುದನ್ನು ಕಲಿತಳು, "ಹೌದ್ರಿ" ಅನ್ನುವುದನ್ನು ಕಲಿತಳು, ಎರೆಮಣ್ಣಿನಲ್ಲಿ ಜಾರದೆ ನಡೆಯುವುದನ್ನೂ ಕಲಿತಳು. ಚಹಾ ಮಾತ್ರ ಕಲಿಯಲಿಲ್ಲ. ತವರಿನಿಂದ ಒಂದು ಹಿತ್ತಾಳೆಯ ಫಿಲ್ಟರು ತಂದಿದ್ದಳು. ಅವಳ ತಾಯಿ ತಿಂಗಳಿಗೊಮ್ಮೆ ಪೋಸ್ಟಿನಲ್ಲಿ ಕಾಫಿಪುಡಿ ಕಳಿಸುತ್ತಿದ್ದರು. ಬಸಿರಾದ ಮೇಲೆ ಅದರ ವಾಸನೆ ಸೇರದೆ ಅದನ್ನೂ ನಿಲ್ಲಿಸಿದಳು.

ಏಳನೇ ತಿಂಗಳಲ್ಲೇ, ಇನ್ನೂ ತವರಿಗೆ ಹೋಗುವ ಮೊದಲೇ, ಹೆರಿಗೆಯಾಯಿತು. ಹೆಣ್ಣು ಕೂಸು. ಮೂರು ದಿವಸ ಇತ್ತು. ಆಮೇಲೆ ಇರಲಿಲ್ಲ.

ನಗಿಸಲು ಕುಳಿತವನು ಇಂಥದ್ದನ್ನೆಲ್ಲ ಬರೆಯಬಾರದು. ಏನು ಮಾಡಲಿ, ನನ್ನ ಫಜೀತಿ ಶುರುವಾಗುವುದೇ ಅಲ್ಲಿಂದ. ಸುಮಿತ್ರಾ ಅಳಲಿಲ್ಲ, ಮಾತು ಬಿಟ್ಟಳು. ನಾನೂ ಅಳಲಿಲ್ಲ, ಮಾತು ಹೆಚ್ಚು ಮಾಡಿದೆ! ಶ್ರಾವಣದ ಮಳೆ, ಹೆಸರಿನ ಬೆಳೆ, ಸಾಲಿಯ ಒಡೆದ ಹಂಚು, ಎಲ್ಲದರ ಮೇಲೂ ಮನೆಯೊಳಗೆ ಭಾಷಣ ಬಿಗಿದೆ. ಕೂಸಿನ ಮಾತೊಂದನ್ನು ಬಿಟ್ಟು. ಎರಡು ತಿಂಗಳು ಹೀಗೇ ನಡೆಯಿತು. ಆಗ ಅವಳ ಅಣ್ಣನ ಕಾಗದ ಬಂತು. ಭಾನುವಾರ ಬರುತ್ತೇನೆ, ಸುಮಿತ್ರಾ ಒಪ್ಪಿದರೆ ಕರೆದುಕೊಂಡು ಹೋಗುತ್ತೇನೆ ಎಂದು.

"ಹೋಗ್ತೀಯೇನು?" ಎಂದು ಕೇಳಿದೆ.

"ನೀವೇನಂತೀರಿ?" ಎಂದಳು.

"ನೋಡೂಣು" ಎಂದೆ. ಹೋದರೆ ಈಕೆ ಈ ಊರಿಗೆ ತಿರುಗಿ ಬರಲಾರಳು ಎಂದು ನನಗೆ ಒಳಗೊಳಗೇ ಪುಕುಪುಕು ಅನ್ನುತ್ತಿತ್ತು. ಆದರೆ ಗಣಿತದ ಮಾಸ್ತರ ನೋಡಿ, ಉತ್ತರವನ್ನು ಕೊನೆಗೇ ಬರೆಯುವ ರೂಢಿ!

ಶನಿವಾರ ಸಂಜೆ, ಯಾರೂ ಕೇಳದೆಯೇ, ಸುಮಿತ್ರಾ ಬಾಯಿ ಬಿಟ್ಟಳು. "ರೀ, ಒಂದ್ಲೋಟ ಒಳ್ಳೇ ಕಾಫಿ ಕುಡೀಬೇಕು ಅನ್ನಿಸ್ತಿದೆ."

ಎರಡು ತಿಂಗಳಲ್ಲಿ ಆಕೆ ಬೇಕು ಎಂದು ಕೇಳಿದ್ದು ಅದೊಂದೇ. ನನಗೆ ಸ್ವರ್ಗ ಮೂರೇ ಗೇಣು! ಕಾಫಿ ಸಿಕ್ಕರೆ ಇರುತ್ತಾಳೆ, ಸಿಗದಿದ್ದರೆ ಹೋಗುತ್ತಾಳೆ ಎಂಬ ಪ್ರಮೇಯವನ್ನು ಅಲ್ಲೇ ನಿಂತು ಸಿದ್ಧಪಡಿಸಿದೆ. ಮೊದಲು ಫಿಲ್ಟರು ಹುಡುಕಿದೆ. ಅದು ಅಡುಗೆಮನೆಯಲ್ಲಿ ನಮ್ಮವ್ವನ ವಶದಲ್ಲಿತ್ತು. ಕೆಳಗಿನ ಪಾತ್ರೆಯಲ್ಲಿ ಒಗ್ಗರಣೆಯ ಎಣ್ಣೆ, ಮೇಲಿನ ತೂತಿನ ಪಾತ್ರೆಯಲ್ಲಿ ಮೊಳಕೆಗೆ ಹಾಕಿದ ಮಡಕಿ ಕಾಳು!

"ಯವ್ವಾ, ಇದೇನ ಬೇ?"

"ನೀರೆಲ್ಲಾ ಬಸದು ಮೊಳಕಿ ಅಗದಿ ಚಲೋ ಬರ್ತಾವು ನೋಡಪಾ ಇದರಾಗ. ನಿನ್ನ ಅತ್ತಿ ಮನಿಯವ್ರು ಭಾಳ ಶಾಣ್ಯಾರು!" ಎಂದಳು ಅವ್ವ, ಮೆಚ್ಚಿಗೆಯಿಂದ.

ಪುಡಿಯ ಡಬ್ಬಿ ತೆರೆದರೆ ಪುಡಿ ಮಳೆಗಾಲದ ತಂಡಿಗೆ ಕಲ್ಲಾಗಿತ್ತು. ಇರಲಿ, ಮಾಡಿದ ಕಾಫಿಯನ್ನೇ ತಂದುಬಿಡೋಣ ಎಂದು ಹೆಡ್‌ಮಾಸ್ತರರ ಮನೆಯಿಂದ ಥರ್ಮಾಸ್ ಇಸಕೊಂಡೆ. ಅಣ್ಣ ಬರುವುದರೊಳಗೆ, ಹತ್ತು ಗಂಟೆಗೆಲ್ಲ ಮನೆಯಲ್ಲಿರಬೇಕು ಎಂಬುದು ನನ್ನ ಅಂದಾಜು.

ಮೊದಲು ನಮ್ಮೂರಿನದೇ ಈರಪ್ಪನ ಹೋಟೆಲಿಗೆ ಹೋದೆ. "ಈರಪ್ಪಾ, ಕಾಫಿ ಸಿಗತೈತೇನು?" ಎಂದೆ. ಅವನ ಮುಖ ಸಣ್ಣದಾಯಿತು.

"ಯಾಕ್ರಿ ಮಾಸ್ತರ್ರ, ನನ್ನ ಚಹಾದಾಗ ಏನ್ ಕಡಿಮಿ ಆತು?"

"ಕಡಿಮಿ ಅಲ್ಲೋ ಮಾರಾಯಾ..."

"ಹಂಗಾರ ಕುಂದರ್ರಿ. ಕುಡದು ಹೇಳ್ರಿ."

ಕುಡಿದು ಹೇಳಿದೆ. ಚಲೋ ಇತ್ತು. ಇಲ್ಲಿ ಒಂದು ವಿಷಯ ತಿಳಿಸಬೇಕು. ನಮ್ಮ ಕಡೆ ಚಹಾ ಬೇಡ ಎನ್ನಲು ಬರುವುದಿಲ್ಲ. ಬೇಡ ಎಂದರೆ ಸಿಟ್ಟಾಗಿದ್ದೀರಿ ಎಂದೇ ಅರ್ಥ. ಮನೆಯವರು ನಾಲ್ಕು ದಿನ ಊಟ ಬಿಟ್ಟು ಕಾರಣ ಹುಡುಕುತ್ತಾರೆ. ಹೀಗಾಗಿ ಬಸ್ಸಿನ ಹಾದಿಯಲ್ಲಿ ಸಿಕ್ಕ ಪಾಲಕರೊಬ್ಬರ ಮನೆಯಲ್ಲಿ ಎರಡನೆಯದು, ನವಲಗುಂದದಲ್ಲಿ ಬಸ್ಸಿಳಿದ ಕೂಡಲೇ ಎದುರಾದ ಹಳೆಯ ಸಹೋದ್ಯೋಗಿಯ ಜೊತೆ ಮೂರನೆಯದು ಆಯಿತು. ಕಾಫಿ ಹುಡುಕುತ್ತ ಹೊರಟವನು ಚಹಾದ ಮೇಲೆ ಚಹಾ ಇಳಿಸುತ್ತಿದ್ದೆ!

ನವಲಗುಂದದ ಪೇಟೆಯಲ್ಲಿ ಒಂದು ಹೋಟೆಲಿನ ಬೋರ್ಡಿನ ಮೇಲೆ ‘ಕಾಫಿ, ಚಹಾ, ಫಳಾರ’ ಎಂದು ಬರೆದಿತ್ತು. ಎದೆಯುಬ್ಬಿಸಿ ಒಳಗೆ ಹೋದೆ.

"ಕಾಫಿ ಇಲ್ರಿ."

"ಬೋರ್ಡಿನ ಮ್ಯಾಲೆ ಐತೆಲ್ಲಾ?"

"ಬೋರ್ಡ್ ಬರ್ಯಾಂವಾ ಬರದಾನ್ರಿ. ಒಂದೀಟು ಜಾಗಾ ಉಳದಿತ್ತಂತ. ಬರ್ರಿ, ಚಹಾ ತಗೋರಿ."

ನಾಲ್ಕನೆಯದು.

ಅದರ ಬಾಜುವಿನ ಹೋಟೆಲಿನಲ್ಲಿ ಕಾಫಿ ಇತ್ತು. ಮುದುಕರೊಬ್ಬರು ಶುಂಠಿ, ಮೆಣಸು, ಬೆಲ್ಲ ಹಾಕಿ ಕುದಿಸಿ ಕುದಿಸಿ ಕರಿಯ ನೀರೊಂದನ್ನು ನನ್ನ ಮುಂದಿಟ್ಟರು. ಮೂಸಿ ನೋಡಿದ ಕೂಡಲೇ ಕಣ್ಣಲ್ಲಿ ನೀರು ಬಂತು. "ಇದು ಕಾಫಿ ಏನ್ರಿ?" ಎಂದೆ. "ಹೆಸರು ಏನರ ಇರಲ್ರಿ, ನೆಗಡಿ ಅಂತೂ ನಿಲ್ಲತೈತಿ" ಎಂದರು. ನನ್ನ ಸಂಕಟ ನೋಡಿ ಅಲ್ಲಿ ಕುಳಿತಿದ್ದ ಅರಳೆ ಅಂಗಡಿಯ ಗುಮಾಸ್ತರೊಬ್ಬರು ಹತ್ತಿರ ಬಂದರು. ಅಣ್ಣಿಗೇರಿಯ ಬಸ್ ನಿಲ್ದಾಣದ ಹಿಂದೆ ಉಡುಪಿ ಕಡೆಯ ಭಟ್ಟರೊಬ್ಬರು ಇದ್ದಾರೆ, ಬೀಜ ತಾವೇ ಹುರಿದು ತಾವೇ ಬೀಸುತ್ತಾರೆ, ಖರೇ ಕಾಫಿ ಬೇಕಿದ್ದರೆ ಅಲ್ಲಿಗೇ ಹೋಗಬೇಕು ಎಂದು ಹೇಳಿದರು. ಹೇಳುವ ಮೊದಲು ಒಂದು ಚಹಾ ಕುಡಿಸಿದರು.

ನಾನು ಅಣ್ಣಿಗೇರಿಯ ಬಸ್ಸು ಹತ್ತಿದಾಗ ಪಕ್ಕದಲ್ಲೇ ಹುಬ್ಬಳ್ಳಿಯ ಬಸ್ಸು ನಿಂತಿತ್ತು. ಹುಬ್ಬಳ್ಳಿಯಲ್ಲಿ ಓಣಿಗೊಂದು ಕಡೆ ಕಾಫಿಯೂ ಸಿಗುತ್ತಿತ್ತು, ಪುಡಿಯೂ ಸಿಗುತ್ತಿತ್ತು. ಅಷ್ಟು ಬುದ್ಧಿ ಇದ್ದಿದ್ದರೆ ಇದನ್ನೆಲ್ಲ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಭಟ್ಟರ ಹೋಟೆಲೆಂದರೆ ಒಂದು ಬಾಗಿಲು, ಎರಡು ಬೆಂಚು. ಒಳಗಿನ ವಾಸನೆಗೇ ನಾನು ಬಾಗಿಲಲ್ಲಿ ನಿಂತುಬಿಟ್ಟೆ. ಮದುವೆಯ ಹೊಸತರಲ್ಲಿ ನಮ್ಮ ಮನೆ ಮುಂಜಾನೆ ಹೀಗೇ ಘಮ್ಮೆನ್ನುತ್ತಿತ್ತು. ಸುಮಿತ್ರಾ ಒಲೆಯ ಮುಂದೆ ಕುಳಿತು ಏನೋ ಗುನುಗುತ್ತಿದ್ದಳು. ಆ ಮುಂಜಾವುಗಳು ಎಲ್ಲಿ ಹೋದವೋ ಎಂದುಕೊಳ್ಳುತ್ತ ಥರ್ಮಾಸನ್ನು ಭಟ್ಟರ ಮುಂದಿಟ್ಟೆ.

"ಈಗ ಹೊಸ ಡಿಕಾಕ್ಷನ್ ಹಾಕಿದ್ದೇನೆ. ಇಳಿಯಬೇಕು. ಅವಸರ ಮಾಡಿದರೆ ಇಳಿಯುವುದಿಲ್ಲ ಮಾರಾಯ್ರೇ, ಕೂತುಕೊಳ್ಳಿ" ಎಂದರು ಭಟ್ಟರು.

ಕೂತೆ. ಹನ್ನೊಂದು ದಾಟಿತು, ಹನ್ನೆರಡಾಯಿತು. ಅತ್ತ ಅಣ್ಣ ಬಂದಿರುತ್ತಾನೆ ಎಂದು ಗೊತ್ತು. ಎದ್ದು ಹೋಗಲು ಮನಸ್ಸಿಲ್ಲ. ಇಷ್ಟು ದೂರ ಬಂದು ಬರಿಗೈಲಿ ಹೇಗೆ ಹೋಗುವುದು? ಸುಮ್ಮನೆ ಕೂಡಲಾರದೆ, "ಎರಡು ತಿಂಗಳ ಬಾಣಂತಿ ಕಾಫಿ ಕುಡೀಬಹುದೇನ್ರಿ?" ಎಂದು ಕೇಳಿದೆ.

"ಧಾರಾಳ ಕುಡಿಯಬಹುದು. ನಿಮ್ಮ ಮನೆಯವರಾ? ಮಗು ಹೇಗಿದೆ?"

"ಆರಾಮ್ ಐತ್ರಿ" ಎಂದೆ.

ಯಾಕೆ ಹಾಗಂದೆನೋ ದೇವರಿಗೇ ಗೊತ್ತು. ಆರಾಮ ಐತಿ! ಅಂದ ಮೇಲೆ ತಿರುಗಿ ತೆಗೆದುಕೊಳ್ಳಲು ಬರಲಿಲ್ಲ. ಭಟ್ಟರು ಸಂತೋಷಪಟ್ಟು ಥರ್ಮಾಸನ್ನು ಬಾಯಿಯ ತನಕ ತುಂಬಿದರು. ನೀವೂ ಒಂದು ಕಪ್ಪು ಕುಡಿದು ನೋಡಿ ಎಂದು ಒತ್ತಾಯಿಸಿದರು. ಹೊಟ್ಟೆಯಲ್ಲಿ ಐದು ಚಹಾ ಕುಲುಕುತ್ತಿದ್ದವು, ಒಲ್ಲೆ ಎಂದೆ. ಅವರ ಮುಖ ನೋಡಲಾರದೆ ಬೇಗ ಬೇಗ ಹೊರಗೆ ಬಂದೆ.

ಬರುವಾಗ ಮಳೆ. ಬಸ್ಸು ಊರೊಳಗೆ ಬರಲಿಲ್ಲ, ಕ್ರಾಸಿನಲ್ಲೇ ಇಳಿಸಿ ಹೋಯಿತು. ಎರೆಮಣ್ಣು ಒಂದೊಂದು ಕಾಲಿಗೆ ಎರಡೆರಡು ಸೇರು ಅಂಟಿತು. ಎಡಗಾಲ ಚಪ್ಪಲಿಯನ್ನು ಭೂತಾಯಿ ನುಂಗಿದಳು, ಬಲಗಾಲಿನದನ್ನು ನಾನೇ ಸಿಟ್ಟಿನಿಂದ ಒಗೆದೆ. ಎರಡು ಸಲ ಬಿದ್ದೆ. ಎರಡು ಸಲವೂ ಥರ್ಮಾಸು ಮೇಲೆ, ಮಾಸ್ತರ ಕೆಳಗೆ! ಮನೆಯ ಹೊಸ್ತಿಲು ತುಳಿದಾಗ ಮೂರು ಗಂಟೆ.

ಪಡಸಾಲೆಯಲ್ಲಿ ಸುಮಿತ್ರಾಳ ಅಣ್ಣ ಕುಳಿತಿದ್ದ. ಸೊಸೆ ತವರಿಗೆ ಹೊರಟಾಳಂತೆ ಎಂದು ಸುದ್ದಿ ಕೇಳಿ ಮಾತಾಡಿಸಲು ಬಂದ ಓಣಿಯ ಎಂಟು ಹೆಂಗಸರು ಸಾಲಾಗಿ ಕುಳಿತಿದ್ದರು. ಸುಮಿತ್ರಾ ಒಳಬಾಗಿಲಲ್ಲಿ ನಿಂತಿದ್ದಳು. ನನ್ನ ಕೈಯಲ್ಲಿದ್ದ ಥರ್ಮಾಸನ್ನು ನೋಡಿದಳು. ಅವಳ ಮುಖದಲ್ಲಿ ಆಸೆಯಂಥದೇನೋ ಮೂಡಿತು.

ಆಗ ನಾನು ಏನು ಮಾಡಬೇಕಿತ್ತು? ಸೀದಾ ಒಳಗೆ ಹೋಗಿ ಆಕೆಯ ಕೈಗೆ ಅದನ್ನು ಕೊಡಬೇಕಿತ್ತು. ಆದರೆ ಹತ್ತು ಮಂದಿ ಕುಳಿತಲ್ಲಿ ಒಬ್ಬರೇ ಕುಡಿಯುವುದು ನಮ್ಮ ವಂಶದಲ್ಲೇ ಇಲ್ಲ. ನನ್ನ ಬಾಯಿ ನನ್ನನ್ನು ಕೇಳದೆಯೇ ತೆರೆಯಿತು.

"ಬರ್ರಿ ಬರ್ರಿ, ಎಲ್ಲಾರೂ ಒಂದೀಟು ಕಾಫಿ ಕುಡೀರಿ! ಅಣ್ಣಿಗೇರಿದು!"

ಅವ್ವ ಥರ್ಮಾಸು ಕಸಿದುಕೊಂಡು ಒಳಗೆ ಹೋದಳು. ಆರಿದೆ ಎಂದು ಚಹಾದ ಪಾತ್ರೆಗೆ ಸುರಿದಳು. ಇಷ್ಟು ಮಂದಿಗೆ ಸಾಲದು ಎಂದು ಎರಡು ಲೋಟ ನೀರು ಹಾಕಿದಳು. ಕಹಿ ಇದೆ ಎಂದು ಸಕ್ಕರೆ, ಸಪ್ಪಗಾಯಿತು ಎಂದು ಶುಂಠಿ. ಮರಳಿ ಮರಳಿ ಕುದಿಸಿ ಕಪ್ಪು-ಬಸಿಗಳಲ್ಲಿ ಹಂಚಿದಳು.

"ಔಷಧ ಇದ್ದಂಗ ಐತಲ್ಲ ಬೇ" ಎಂದಳು ಒಬ್ಬಾಕೆ.

"ಇದಕ್ಕ ಅಣ್ಣಿಗೇರಿಗೆ ಯಾಕ ಹೋಗಿದ್ರಿ ಮಾಸ್ತರ್ರ? ನಮ್ಮ ಮನಿಗೆ ಬಂದಿದ್ರ ಚಹಾ ಮಾಡಿಕೊಡ್ತಿದ್ದೆ" ಎಂದಳು ಇನ್ನೊಬ್ಬಾಕೆ.

ಸುಮಿತ್ರಾಳ ಅಣ್ಣ ಒಂದು ಗುಟುಕು ಕುಡಿದು, ಬಸಿಯನ್ನು ಮೆಲ್ಲಗೆ ಕೆಳಗಿಟ್ಟು, "ಪರವಾಗಿಲ್ಲ" ಎಂದ. ದೊಡ್ಡ ಮನುಷ್ಯ. ಸುಮಿತ್ರಾಳ ಪಾಲು ಬರುವಷ್ಟರಲ್ಲಿ ಪಾತ್ರೆಯಲ್ಲಿ ಶುಂಠಿಯ ಚೂರುಗಳಿದ್ದವು.

ಒಳಗೆ ಹೋದೆ. ಆಕೆ ಖಾಲಿ ಥರ್ಮಾಸಿನ ಮುಚ್ಚಳ ತೆಗೆದು ಮೂಸುತ್ತ ಕುಳಿತಿದ್ದಳು.

"ಅಣ್ಣಿಗೇರಿಗೆ ಹೋಗಿದ್ರಾ?"

"ಹೂಂ. ಖರೇ ಕಾಫಿ, ಸುಮಿತ್ರಾ. ಬೀಜಾ ಭಟ್ಟರೇ ಹುರೀತಾರು."

"ಅಣ್ಣ ಹನ್ನೊಂದಕ್ಕೇ ಬಂದ ಕಣ್ರೀ. ಬರ್ತೀಯಾ ಅಂತ ಕೇಳ್ದ. ಅವರನ್ನ ಕೇಳು, ಅವರೇನಂತಾರೋ ಹಾಗೆ ಅಂದೆ. ನೀವೇ ಇರ್ಲಿಲ್ಲ. ಬಾಗ್ಲಲ್ಲಿ ನಿಂತು ನಿಂತು ಸಾಕಾಯ್ತು." ಸಿಟ್ಟಿನಿಂದ ಅನ್ನಲಿಲ್ಲ. ಅಂದಿದ್ದರೆ ಎಷ್ಟೋ ಚಲೋ ಇತ್ತು.

ಅಣ್ಣ ಕೇಳಿದಾಗ "ಆಕಿ ಹೆಂಗಂತಾಳೋ ಹಂಗ್ರಿ" ಎಂದುಬಿಟ್ಟೆ. ಸಂಜೆ ಚಕ್ಕಡಿ ಕಟ್ಟಿಸಿ ಅಣ್ಣ-ತಂಗಿಯರನ್ನು ಕ್ರಾಸಿನ ತನಕ ಕಳಿಸಲು ಹೋದೆ. ಬಸ್ಸು ಬಂತು. ಆಕೆ ಕಿಟಕಿಯ ಹತ್ತಿರ ಕುಳಿತು ನನ್ನನ್ನೇ ನೋಡಿದಳು. ಹೇಳಬೇಕಾದ ಮಾತು ಬಾಯಿಯ ತನಕ ಬಂದಿತ್ತು.

"ಅಲ್ಲಿ ಚಲೋತ್ನಂಗ ಕಾಫಿ ಕುಡಿ" ಎಂದೆ.

ಆಕೆ ತಲೆ ಬಗ್ಗಿಸಿದಳು. ಬಸ್ಸು ಹೋಯಿತು.

ಮನೆಗೆ ಬಂದರೆ ಅವ್ವ ಕಟ್ಟೆಯ ಮೇಲೇ ಕಾದಿದ್ದಳು. "ಏನಂದಿ ಆಕಿಗೆ?" ಹೇಳಿದೆ. ಅವ್ವ ಹಣೆ ಹಣೆ ಬಡಿದುಕೊಂಡಳು. "ಇರು ಅನ್ನಾಕ ನಿನಗೇನು ದಾಡಿ ಆಗಿತ್ತೋ ಖೋಡಿ! ಆ ಒಂದು ಮಾತು ಕೇಳಾಕ ಮುಂಜಾನಿಂದ ಊಟಾ ಬಿಟ್ಟು ನಿಂತಿತ್ತಲ್ಲೋ ಆ ಹುಡುಗಿ!"

ಮರುದಿನವೇ ಕಾಗದ ಬರೆಯಲು ಕುಳಿತೆ. ನಾಲ್ಕು ಪುಟ ಬರೆದೆ. ಓದಿ ನೋಡಿದರೆ ಮೂರೂವರೆ ಪುಟ ಭಟ್ಟರ ಡಿಕಾಕ್ಷನ್ನಿನ ವರ್ಣನೆ! ಉಳಿದ ಅರ್ಧ ಪುಟದಲ್ಲಿ ‘ನಮ್ಮ ಕೂಸು’ ಎಂದು ಬರೆದೆ. ಮುಂದೆ ಪೆನ್ನು ಓಡಲಿಲ್ಲ. ಎಷ್ಟು ಹೊತ್ತು ಕುಳಿತರೂ ಓಡಲಿಲ್ಲ. ಹಾಗೆಯೇ ಮಡಚಿ ಅಂಚೆಗೆ ಹಾಕಿದೆ.

ಎರಡು ವಾರದ ಮೇಲೆ ಉತ್ತರ ಬಂತು. ಒಂದೇ ಸಾಲು. ‘ನಮ್ಮ ಕೂಸು ಅಂತ ಬರೆದು ಮುಂದೆ ಖಾಲಿ ಬಿಟ್ಟಿದ್ದೀರಲ್ಲ, ಅದನ್ನು ಬಂದು ಹೇಳಿ.’

ರಜೆ ಹಾಕಿ ಹೊರಟೆ. ಹುಬ್ಬಳ್ಳಿಯಿಂದ ಮೈಸೂರಿನ ತನಕ ಹೇಳಬೇಕಾದ್ದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದೆ. ಅವರ ಮನೆಯಲ್ಲಿ ಕೈಕಾಲು ತೊಳೆದು ಕುಳಿತ ಕೂಡಲೇ ಅತ್ತೆಯವರು ಬಂದು, "ಚಹಾ ಮಾಡ್ಲೇ?" ಎಂದರು. "ಬ್ಯಾಡ್ರಿ, ಕಾಫಿ ಕೊಡ್ರಿ" ಎಂದೆ. ಸುಮಿತ್ರಾಳೇ ತಂದಳು. ತಂದುಕೊಟ್ಟು, ಎದುರಿಗೇ ಕುಳಿತಳು.

ಒಂದು ಗುಟುಕು ಕುಡಿದೆ. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. ಮೂರು ದಿವಸದ ಆ ಕೂಸಿನ ಮುಷ್ಟಿ ಕಣ್ಣ ಮುಂದೆ ಬಂತು. ಇಷ್ಟು ದಿನ ತಡೆದದ್ದೆಲ್ಲ ಒಮ್ಮೆಲೇ ಬಂತು. ಲೋಟ ಕೆಳಗಿಟ್ಟು, ಅತ್ತೆ ಮಾವ ಎಲ್ಲರ ಎದುರಿಗೆ, ಏಳನೇ ಇಯತ್ತೆಯ ಗಣಿತದ ಮಾಸ್ತರ ಹೋ ಎಂದು ಅತ್ತುಬಿಟ್ಟೆ. ಸುಮಿತ್ರಾ ನನ್ನ ಕೈ ಹಿಡಿದುಕೊಂಡು ತಾನೂ ಅತ್ತಳು.

ಮಾವನವರು ಗಾಬರಿಯಾಗಿ ಒಳಗೆ ಓಡಿ ಒಂದು ಚೊಂಬು ತಣ್ಣೀರು ತಂದರು. ಉತ್ತರ ಕರ್ನಾಟಕದ ಅಳಿಯನಿಗೆ ಕಾಫಿ ಕುಡಿಯಲು ಬರುವುದಿಲ್ಲ, ನಾಲಿಗೆ ಸುಟ್ಟುಕೊಂಡ ಎಂದು ಆ ಮನೆಯಲ್ಲಿ ಇವತ್ತಿಗೂ ನಂಬಿದ್ದಾರೆ!