ಗುಟ್ಟಿನ ವಾಕ್ಯ ಮರೆತ ಕಾರ್ಯದರ್ಶಿ

ಎಐ ಎಂಬ ಹೊಸ ಕಳ್ಳನಿಂದ ಊರನ್ನು ಕಾಪಾಡುವ ಜವಾಬ್ದಾರಿ ನನ್ನ ಹೆಗಲ ಮೇಲಿದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೆ. ಯಾರೂ ಹೊರಿಸಿರಲಿಲ್ಲ. ನಾನೇ ಹೊತ್ತುಕೊಂಡಿದ್ದೆ!

ತಾವರೆಕೆರೆ ಹತ್ತಿರದ ನಮ್ಮೂರಿನ ಹಾಲಿನ ಡೇರಿಗೆ ನಾನು ಕಾರ್ಯದರ್ಶಿ. ಸದಸ್ಯರೆಲ್ಲರ ಆಧಾರ್, ಪಾಸ್‌ಬುಕ್ಕುಗಳ ಪ್ರತಿ ಇರುವ ಫೈಲು ನನ್ನ ಸುಪರ್ದಿನಲ್ಲಿದೆ. ಮಧುಗಿರಿಯಲ್ಲಿ ಅರ್ಧ ದಿನದ ತರಬೇತಿಗೆ ಹೋಗಿದ್ದೆ. ಕಳ್ಳರು ಈಗ ನಮ್ಮದೇ ಧ್ವನಿ ನಕಲು ಮಾಡಿ ಮನೆಯವರಿಂದ ಕಾಗದಪತ್ರ ತರಿಸಿಕೊಳ್ಳುತ್ತಾರೆ, ಮನೆಮಂದಿಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ ಎಂದು ಹೇಳಿಕೊಟ್ಟರು. ಊಟವೂ ಚೆನ್ನಾಗಿತ್ತು. ಹೋಗುವಾಗ ಕಾರ್ಯದರ್ಶಿಯಾಗಿದ್ದವನು ಬರುವಾಗ ತಜ್ಞನಾಗಿದ್ದೆ.

ಮಾರನೆಯ ದಿನ ಡೇರಿ ಮುಂದೆ ಮೈಕು ಹಿಡಿದು ಒಂದು ಗಂಟೆ ಭಾಷಣ ಮಾಡಿದೆ. ಹಸುಗಳು ಬೇಸರಪಟ್ಟುಕೊಂಡವು. ಆಮೇಲೆ ಹೆಂಡತಿ ಗಂಗಮ್ಮನನ್ನು ಕೂರಿಸಿಕೊಂಡು ಗುಟ್ಟಿನ ವಾಕ್ಯವನ್ನು ಘೋಷಿಸಿದೆ. ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ನನ್ನ ಬಾಯಿಂದ ಒಮ್ಮೆಯೂ ಬರದ ವಾಕ್ಯವನ್ನು ಹುಡುಕಿ ಆರಿಸಿದ್ದೆ. ಆಡಿದ್ದರೆ ತಾನೆ ಎಐ ಅದನ್ನು ಕದಿಯುವುದು!

ಗಂಗಮ್ಮ ಅದನ್ನು ಕೇಳಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಇದು ಭದ್ರವಾಗೇ ಇರ್ತದೆ ಬುಡಿ. ನಿಮ್ ಬಾಯಲ್ಲಿ ಇದನ್ನ ಹೊರಡ್ಸಕ್ಕೆ ಯಾವ ಕಳ್ಳನ ಕೈಲೂ ಆಗಾಕಿಲ್ಲ!"

ಮರೆತುಹೋಗದಿರಲಿ ಎಂದು ಆ ವಾಕ್ಯವನ್ನು ಫೋನಿನಲ್ಲಿ ಬರೆದಿಟ್ಟುಕೊಂಡೆ.

ತಿಂಗಳು ಕಳೆಯಿತು. ರಾಸುಗಳ ವಿಮೆಗೆ ಸದಸ್ಯರ ಕಾಗದ ಕೊಡಲು ಕೊನೆಯ ದಿನ ಬಂತು. ಸಂಜೆಯೊಳಗೆ ಮಧುಗಿರಿಯ ಕಚೇರಿಗೆ ತಲುಪದಿದ್ದರೆ ಊರಿನ ಒಂದು ಹಸುವಿಗೂ ಈ ವರ್ಷ ವಿಮೆಯಿಲ್ಲ. ಎದುರು ಮನೆಯ ರಜಿಯಾಳಿಗಂತೂ ಇರುವುದೇ ಒಂದು ಹಸು, ಅದೂ ತುಂಬು ಗಬ್ಬ. "ಮರೀಬ್ಯಾಡಿ ಅಣ್ಣ," ಎಂದು ಅವಳು ಮೂರು ಸಲ ಹೇಳಿದ್ದಳು. ಬೆಳಗ್ಗೆಯೇ ಜಂಬದಿಂದ ಬಸ್ಸು ಹತ್ತಿದೆ.

ಮಧುಗಿರಿಯಲ್ಲಿ ಇಳಿಯುವಾಗ ಫೋನು ಕೈಜಾರಿ ಬಿತ್ತು. ಪರದೆ ಕಪ್ಪಾಯಿತು. ಹೋಗಲಿ ಎಂದು ಕಚೇರಿಗೆ ಹೋಗಿ ಚೀಲ ತೆರೆದೆ. ಬುತ್ತಿ ಇತ್ತು, ಟವೆಲ್ ಇತ್ತು, ಛತ್ರಿ ಇತ್ತು. ಫೈಲು ಟೀವಿ ಮೇಲೆ ಇತ್ತು. ನಮ್ಮ ಮನೆಯ ಟೀವಿ!

"ಫೋಟೊ ತರಿಸಿ ಪ್ರಿಂಟ್ ಕೊಟ್ರೂ ನಡೀತದೆ," ಎಂದರು ಅಲ್ಲಿಯ ಗುಮಾಸ್ತರು. ಎದುರಿನ ಟೀ ಅಂಗಡಿಯವನ ಫೋನು ಬೇಡಿ ಪಡೆದೆ. ಅದು ಸ್ಪೀಕರ್ ಹಾಕಿದರೆ ಮಾತ್ರ ಕೇಳುವ ಫೋನು.

"ಲೇ ಗಂಗೂ, ನಾನು ಕಣೆ! ಫೈಲಲ್ಲಿರೋ ಅಷ್ಟೂ ಜನದ ಆಧಾರು, ಪಾಸ್‌ಬುಕ್ಕು ಫೋಟೊ ಹೊಡ್ದು ಈ ನಂಬರಿಗೆ ಕಳ್ಸು. ಅರ್ಜೆಂಟು!"

ಹೇಳಿದ ಮೇಲೆ ನನಗೇ ಹೊಳೆಯಿತು. ಗೊತ್ತಿಲ್ಲದ ನಂಬರು, ಗೊತ್ತಿರುವ ಧ್ವನಿ, ವಿಪರೀತ ಅವಸರ. ತರಬೇತಿಯಲ್ಲಿ ಹೇಳಿದ್ದ ಕಳ್ಳನ ಲಕ್ಷಣ ಒಂದನ್ನೂ ನಾನು ಬಿಟ್ಟಿರಲಿಲ್ಲ!

"ಗುಟ್ಟಿನ ಮಾತು ಹೇಳು," ಎಂದಳು.

ಹೇಳು! ಹೇಳಿ ಅಲ್ಲ! ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ನಾನು ಏಕವಚನಕ್ಕೆ ಇಳಿದಿದ್ದೆ.

"ಮರ್ತೋಗೈತೆ ಕಣೆ. ಫೋನಲ್ಲಿ ಬರ್ಕಂಡಿದ್ದೆ, ಅದು ಬಿದ್ದು ಕೆಟ್ಟೋಯ್ತು."

"ಎಲ್ಲಾ ಕಳ್ರೂ ಇಂಗೇ ಹೇಳದು."

"ಬೇರೆ ಏನಾರ ಕೇಳು ಮಾರಾಯ್ತಿ!"

"ನನ್ನ ನೋಡಕ್ಕೆ ಬಂದ ದಿನ ಏನ್ ಮಾಡ್ದೆ?"

ಟೀ ಅಂಗಡಿಯಲ್ಲಿದ್ದವರೆಲ್ಲ ಫೋನಿನ ಕಡೆ ತಿರುಗಿದರು. "ಉಪ್ಪಿಟ್ಟಿನ ತಟ್ಟೇನ ನಿಮ್ಮಪ್ಪನ ತೊಡೆ ಮೇಲೆ ಬೀಳಿಸ್ದೆ."

"ಮೀಸೆಗೆ ಏನ್ ಹಚ್ತೀಯ?"

"ಬಣ್ಣ."

"ಎಸ್ಸೆಸ್ಸೆಲ್ಸಿ ಎಷ್ಟ್ ಸಲ ಡುಮ್ಕಿ?"

"ಮೂರು." ಹೊರಡಲು ಎದ್ದಿದ್ದವರೊಬ್ಬರು ಮತ್ತೆ ಕೂತು ಇನ್ನೊಂದು ಟೀ ಹೇಳಿದರು.

"ಎಲ್ಲಾ ಸರಿಯಾಗೈತೆ," ಎಂದಳು. ನಾನು ಉಸಿರು ಬಿಟ್ಟೆ. "ಆದ್ರೆ ಇದನ್ನೆಲ್ಲಾ ನಮ್ಮೆಜಮಾನ್ರೇ ಸ್ಟೇಟಸ್‌ಗೆ ಹಾಕ್ಬುಟ್ಟವ್ರೆ, ಬಣ್ಣದ ಡಬ್ಬಿ ಸಮೇತ. ಊರಿಗೇ ಗೊತ್ತಿರೋದು ಕಳ್ಳಂಗೆ ಗೊತ್ತಿರಾಕಿಲ್ವಾ? ಇದು ಜನ ನಮ್ಮನ್ನ ನಂಬಿ ಕೊಟ್ಟಿರೋ ಕಾಗ್ದ ಕಣಪ್ಪ. ಇಡು ಫೋನ್ನ!"

"ಆಯಮ್ಮ ಗಟ್ಟಿಗಿತ್ತಿ ಕಣಣ್ಣೋ!" ಎಂದ ಟೀ ಅಂಗಡಿಯವನು. ನನ್ನ ಬಗ್ಗೆ ಏನೂ ಹೇಳಲಿಲ್ಲ.

ಬೇರೆ ದಾರಿ ಕಾಣದೆ ಫೈಲು ತರಲು ವಾಪಸ್ ಬಸ್ಸು ಹತ್ತಿದೆ. ದಾರಿಯಲ್ಲಿ ಎದುರಾದ ಮಧುಗಿರಿ ಬಸ್ಸಿನ ಕಿಟಕಿಯಲ್ಲಿ ಗಂಗಮ್ಮನ ಹಸಿರು ಸೀರೆಯಂಥದ್ದೇ ಸೀರೆ ಕಂಡಿತು. ಭಯಕ್ಕೆ ಎಲ್ಲೆಲ್ಲೂ ಅವಳೇ ಕಾಣುತ್ತಿದ್ದಾಳೆ ಅಂದುಕೊಂಡೆ.

ಮನೆಗೆ ಬಂದರೆ ಬೀಗ! ಬೀಗದಕೈ ರಜಿಯಾಳ ಹತ್ತಿರ ಇತ್ತು.

"ಕೊಡಕ್ಕಿಲ್ಲ ಅಣ್ಣ. 'ನಮ್ಮೆಜಮಾನ್ರ ಥರ ಇರೋರು ಬಂದ್ರೂ ಕೊಡ್ಬ್ಯಾಡ' ಅಂತ ಗಂಗಕ್ಕ ಹೇಳವ್ರೆ. ಫೈಲ್ ತಗಂಡು ಮಧುಗಿರಿಗೆ ಹೋದ್ರು."

"ಎದುರಿಗೇ ನಿಂತಿದ್ದೀನಲ್ಲಮ್ಮಾ!"

"ಮುಖಾನೂ ನಕಲು ಮಾಡ್ತಾರೆ ಅಂತ ಮೈಕಲ್ಲಿ ಹೇಳ್ದೋರು ನೀವೇ ಅಲ್ವಾ? ಆ ಫೈಲಲ್ಲಿ ನನ್ ಆಧಾರೂ ಐತೆ."

ಆದರೂ ಪಾಪ, ಟೀ ಕೊಟ್ಟಳು. ಜಗಲಿಯ ಮೇಲೆ ಕೂತು ಕುಡಿದೆ.

ಸಂಜೆ ಗಂಗಮ್ಮ ಬಂದಳು. "ಫೋನ್ ಮಾಡಿದ್ದು ನೀವಾಗಿದ್ರೆ ಕೆಲ್ಸ ಆಯ್ತದೆ, ಕಳ್ಳ ಆಗಿದ್ರೆ ಕಾಗ್ದ ಉಳೀತದೆ ಅಂತ ನಾನೇ ಹೊಂಟ್ಬುಟ್ಟೆ," ಎನ್ನುತ್ತ ಕಚೇರಿಯ ಸೀಲು ಬಿದ್ದ ಸ್ವೀಕೃತಿ ತೋರಿಸಿದಳು. ಬಸ್ಸಿನಲ್ಲಿ ಕೂತು ಪ್ರತಿಯೊಂದು ಆಧಾರ್ ಪ್ರತಿಯ ಮೇಲೂ ಅಡ್ಡಲಾಗಿ 'ರಾಸು ವಿಮೆಗೆ ಮಾತ್ರ' ಎಂದು ಬರೆದಿದ್ದಳಂತೆ. ಬೇರೆ ಯಾವುದಕ್ಕೂ ಯಾರೂ ಬಳಸಬಾರದಲ್ಲ! ತರಬೇತಿ ಪಡೆದ ನನಗೆ ಅದು ಹೊಳೆದೇ ಇರಲಿಲ್ಲ. ತರಬೇತಿಯ ಬಾಗಿಲನ್ನೂ ನೋಡದವಳಿಗೆ ಹೊಳೆದಿತ್ತು. ಅಭಿಮಾನದಿಂದ ಅವಳ ಕೈಯ ಚೀಲ ಇಸಿದುಕೊಂಡೆ.

"ನೀನೇ ಸರಿ ಕಣೆ ಗಂಗೂ. ನಂದೇ ತಪ್ಪು," ಎಂದೆ.

ಗಂಗಮ್ಮ ಗಕ್ಕನೆ ನಿಂತಳು. ಆಮೇಲೆ ಎದುರು ಮನೆಯ ಕಡೆ ತಿರುಗಿ ಕೂಗಿದಳು.

"ರಜಿಯಾ, ಬೀಗದಕೈ ಕೊಡು! ಗುಟ್ಟಿನ ಮಾತು ಸರಿಯಾಗೇ ಹೇಳವ್ರೆ. ಇವ್ರು ನಮ್ಮೋರೇ!"

ರಜಿಯಾಳ ಹಸು ಈಗ ಹೆಣ್ಣುಗರು ಹಾಕಿದೆ, ವಿಮೆಯೂ ಆಗಿದೆ. ನಮ್ಮ ಮನೆಯ ಗುಟ್ಟಿನ ವಾಕ್ಯವನ್ನು ಮಾತ್ರ ಬದಲಾಯಿಸಬೇಕಾಯಿತು. ಹಳೆಯದನ್ನು ನಾನೀಗ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದೇನೆ, ಅದು ಗುಟ್ಟಾಗಿ ಉಳಿಯುವುದು ಹೇಗೆ? ಹೊಸದನ್ನು ಗಂಗಮ್ಮನೇ ಆರಿಸಿದ್ದಾಳೆ. ಭದ್ರತೆಯ ದೃಷ್ಟಿಯಿಂದ ನನಗಿನ್ನೂ ಹೇಳಿಲ್ಲ!