ಬಾಲ ಅಲ್ಲಾಡಿಸಿದ ಸಕ್ಕರೆ ಮೀನು

"ಇನ್ಮೇಲೆ ಈ ಮನೆಗೆ ಅಂಗಡಿ ಮೀನು ಬರಕೂಡದು! ನನ್ನ ಮೀನು ನಾನೇ ಮಾಡ್ಕೋತೀನಿ!" ಎಂದು ಜನವರಿಯ ಒಂದು ಬೆಳಿಗ್ಗೆ ನಾನು ಘೋಷಿಸಿದೆ. ಘೋಷಿಸುವಾಗ ಎಡಗೈ ಸೊಂಟದ ಮೇಲಿತ್ತು, ಬಲಗೈಯಲ್ಲಿ ಉಪ್ಪಿಟ್ಟಿನ ಚಮಚವಿತ್ತು.

ನನ್ನ ಹೆಂಡತಿ ಮೃಣಾಲಿನಿ ಗಾಬರಿಯಿಂದ, ನನ್ನ ಅಮ್ಮನಿದ್ದ ದೇವರ ಕೋಣೆಯ ಕಡೆ ನೋಡಿದಳು. "ಮೆಲ್ಲಗೆ ಹೇಳ್ರೀ! ಇಷ್ಟು ದಿನ ಈ ಮನೇಲಿ ಅಂಗಡಿ ಮೀನು ಬೇಯ್ತಿತ್ತು ಅಂದ್ಕೋತಾರೆ ಅಮ್ಮ!"

ಈರುಳ್ಳಿ ಹಾಕುವುದಕ್ಕೂ ವಾರ ನೋಡುವ ಮನೆ ನಮ್ಮದು. ನಾನು ಹೇಳಿದ್ದು ಗಾಳಕ್ಕೆ ಸಿಕ್ಕಿಸುವ ಮೆತ್ತನೆಯ ಪ್ಲಾಸ್ಟಿಕ್ ಮೀನು. ನೀರಿನಲ್ಲಿ ಎಳೆದರೆ ಅದು ಬಾಲ ಅಲ್ಲಾಡಿಸುತ್ತದೆ. ದೊಡ್ಡ ಮೀನು ನಿಜವೆಂದು ನಂಬಿ ಬಾಯಿ ಹಾಕುತ್ತದೆ. ಆಮೇಲೆ ಒಂದು ಫೋಟೋ, ಒಂದು ನಮಸ್ಕಾರ, ಮತ್ತೆ ನೀರಿಗೆ ಬಿಡುವುದು. ಸಂಪೂರ್ಣ ಸಸ್ಯಾಹಾರಿ ಹವ್ಯಾಸ!

"ಹಿಡಿದು ಬಿಡೋದಾದ್ರೆ ಹಿಡಿಯೋದ್ಯಾಕೆ?"

"ಬ್ಯಾಂಕಲ್ಲಿ ದಿನಾ ನೋಟು ಎಣಿಸಿ ಬೇರೆಯವರಿಗೆ ಕೊಡ್ತೀನಲ್ಲ, ಯಾಕೆ ಅಂತ ಕೇಳಿದೀಯಾ?"

"ಅಲ್ಲಿ ಎಣಿಸೋಕೆ ನೋಟಾದ್ರೂ ಇರತ್ತೆ. ಇಲ್ಲಿ ನೀವು ಇನ್ನೂ ಒಂದು ಮೀನೂ ಹಿಡಿದಿಲ್ಲ!"

ಮಾತು ನಿಜ. ರಾಮಟೇಕ್ ಕಡೆಯ ಕೆರೆಯಲ್ಲಿ ನನ್ನ ಗಾಳಕ್ಕೆ ಸಿಕ್ಕಿದ್ದೆಲ್ಲ ಮುಳುಗಿದ ಮರದ ಬೊಡ್ಡೆಗಳು. ಒಂದೊಂದು ಬೊಡ್ಡೆಯೂ ಒಂದೊಂದು ಪ್ಲಾಸ್ಟಿಕ್ ಮೀನನ್ನು ಶಾಶ್ವತವಾಗಿ ಇಟ್ಟುಕೊಂಡಿತ್ತು.

ಐವತ್ತು ದಾಟಿದ ಮೇಲೆ ಇದೆಂಥ ಹುಚ್ಚು ಎಂದು ನೀವು ಕೇಳಬಹುದು. ಹುಚ್ಚು ಹಿಡಿದದ್ದು ಎಂಟನೇ ವಯಸ್ಸಿನಲ್ಲಿ. ಅಪ್ಪನಿಗೆ ಮರಾಠಿ ನಾಡಿನ ಖಾಪರಖೇಡಾದ ವಿದ್ಯುತ್ ಸ್ಥಾವರದಲ್ಲಿ ಕೆಲಸ. ಕಾಲೋನಿಯ ಹುಡುಗರು ಭಾನುವಾರ ಕನ್ಹಾನ್ ನದಿಗೆ ಹೋಗಿ ಗೋಧಿಹಿಟ್ಟಿನ ಉಂಡೆ ಸಿಕ್ಕಿಸಿ ಮೀನು ಹಿಡಿಯುತ್ತಿದ್ದರು. ಗಾಳ ಮುಟ್ಟಿದರೆ ಮನೆಯೊಳಗೆ ಸೇರಿಸುವುದಿಲ್ಲವೆಂದು ಅಮ್ಮ ಹೆದರಿಸಿದ್ದಳು. ಹಾಗಾಗಿ ದಡದ ಮೇಲೆ ಕುಳಿತು ಎಲ್ಲರ ಚಪ್ಪಲಿ ಕಾಯುವ ಜವಾಬ್ದಾರಿ ನನ್ನದಾಗಿತ್ತು. ಯಾರದೋ ದಾರ ಜಗ್ಗಿದಾಗ ಅವರೆಲ್ಲ ಒಟ್ಟಿಗೆ ಕೂಗುತ್ತಿದ್ದ ಕೂಗು, ಒದ್ದೆ ಮರಳಿನ ವಾಸನೆ, ದೂರದಲ್ಲಿ ಹೊಗೆ ಬಿಡುತ್ತ ನಿಂತ ಚಿಮಣಿಗಳು... ಆ ಭಾನುವಾರಗಳು ನೆನಪಾದರೆ ಈಗಲೂ ನನಗೆ ಸಂಕಟವಾಗುತ್ತದೆ. ಒಮ್ಮೆಯಾದರೂ ಆ ದಾರ ನನ್ನ ಕೈಯಲ್ಲಿ ಜಗ್ಗಬೇಕಿತ್ತು.

ಇಂಥ ಸಂಕಟದಲ್ಲಿದ್ದಾಗ ಮೊಬೈಲಿನಲ್ಲಿ ಒಬ್ಬ ಅಮೆರಿಕದ ಗಡ್ಡಧಾರಿ ಪ್ರತ್ಯಕ್ಷನಾದ. ಕಾರು ನಿಲ್ಲಿಸುವ ಶೆಡ್ಡಿನಲ್ಲಿ ನಿಂತು ದ್ರವರೂಪದ ಪ್ಲಾಸ್ಟಿಕ್ಕನ್ನು ಕಾಯಿಸಿದ, ಅಚ್ಚಿಗೆ ಹುಯ್ದ, ತೆಗೆದರೆ ಮೀನು! ಅದನ್ನೇ ಗಾಳಕ್ಕೆ ಹಾಕಿ ಬಾಸ್ ಎಂಬ ಮೀನು ಹಿಡಿದ. ನನಗೆ ಗೊತ್ತಿದ್ದ ಬಾಸ್ ಒಬ್ಬರೇ. ನಮ್ಮ ಬ್ಯಾಂಕಿನ ಬ್ರಾಂಚ್ ಮ್ಯಾನೇಜರು. ಅವರು ಯಾವ ಗಾಳಕ್ಕೂ ಬೀಳುವವರಲ್ಲ. ನಮ್ಮ ಕೆರೆಗಳಲ್ಲಿರುವುದು ಮರಳ್ ಎಂದು ಇಲ್ಲಿಯವರು ಕರೆಯುವ, ಹಾವಿನ ತಲೆಯ ಮೀನು. ಸಿಡುಕಿನಲ್ಲಿ ಅದು ಎರಡೂ ಬಾಸುಗಳಿಗೆ ಸಮ. ನಾನು ಪ್ಲಾಸ್ಟಿಕ್ ದ್ರವ, ಬಣ್ಣ, ಮಿಂಚಿನ ಪುಡಿ ಎಲ್ಲವನ್ನೂ ತರಿಸಿಯೇಬಿಟ್ಟೆ. ಅಚ್ಚು ಮಾತ್ರ ಇರಲಿಲ್ಲ.

ಅಚ್ಚು ಬಾಲ್ಕನಿಯಲ್ಲೇ ಇತ್ತು! ಸಂಕ್ರಾಂತಿ ಹತ್ತಿರ ಬಂದಿತ್ತಲ್ಲ, ಅಮ್ಮ ಸಕ್ಕರೆ ಅಚ್ಚು ಮಾಡಿ ಮುಗಿಸಿ, ಮರದ ಅಚ್ಚುಗಳನ್ನು ತೊಳೆದು ಒಣಗಲು ಇಟ್ಟಿದ್ದಳು. ಗೋಪುರ, ಗಿಳಿ, ತುಳಸಿಕಟ್ಟೆ, ಜೊತೆಗೆ ಒಂದು ಮೀನು. ಎರಡು ಹೋಳು ಸೇರಿಸಿ ದಾರ ಕಟ್ಟಿ, ಬಿಸಿ ಪಾಕ ಹುಯ್ಯುವ ಆ ಅಚ್ಚುಗಳು ಅಮ್ಮನ ತಾಯಿಯ ಮನೆಯವು. ನಂಜನಗೂಡಿನಿಂದ ಟ್ರಂಕಿನಲ್ಲಿ ಖಾಪರಖೇಡಾಕ್ಕೆ ಬಂದು, ಅಲ್ಲಿಂದ ನಮ್ಮ ಈ ಮನೀಶ್ ನಗರದ ಫ್ಲ್ಯಾಟಿಗೆ ಬಂದಿದ್ದವು. ಕಾಲೋನಿಯ ಮರಾಠಿ ಮನೆಗಳಿಗೆ ಸಕ್ಕರೆಯ ಗಿಳಿ, ಮೀನು ಎಂದರೆ ಅದ್ಭುತ. ಅವರ ತಿಳಗುಳ ಎಂಬ ಎಳ್ಳುಬೆಲ್ಲದ ಉಂಡೆ ನಮ್ಮ ತಟ್ಟೆಗೆ ಬೀಳುವ ಮೊದಲೇ "ಈ ವರ್ಷ ಏನು ಬಂದಿದೆ?" ಎಂದು ಮಕ್ಕಳು ಕಾಗದ ಬಿಚ್ಚಿ ನೋಡುತ್ತಿದ್ದವು. ಅಮ್ಮನ ಮುಖದಲ್ಲಿ ಆಗ ಕಾಣುತ್ತಿದ್ದ ಹೆಮ್ಮೆಯನ್ನು ನಾನು ಬೇರೆ ಯಾವ ದಿನವೂ ಕಂಡಿಲ್ಲ.

ಈಗ ಅವಳಿಗೆ ಎಂಬತ್ತರ ಹತ್ತಿರ. "ಈ ಸಲ ಬೆಂಗಳೂರಿಂದ ರೆಡಿ ಅಚ್ಚು ತರಿಸೋಣ ಅಮ್ಮ" ಎಂದು ಮೃಣಾಲಿನಿ ಹೇಳಿದ್ದಕ್ಕೆ, "ನನ್ನ ಕೈಗೇನಾಗಿದೆಯಮ್ಮಾ?" ಎಂದು ಎರಡು ದಿನ ಮುಖ ಊದಿಸಿಕೊಂಡಿದ್ದಳು. ಆಮೇಲೆ ಸ್ಟೂಲಿನ ಮೇಲೆ ಕುಳಿತು, ಪಾಕಕ್ಕೆ ಹಾಲು ಬಿಟ್ಟು ಕಲ್ಮಶ ತೆಗೆದು, ಇಡೀ ಕಟ್ಟಡಕ್ಕೆ ಸಾಲುವಷ್ಟು ಅಚ್ಚನ್ನು ಒಬ್ಬಳೇ ಹುಯ್ದಿದ್ದಳು. ಇದು ನಿಮ್ಮ ಗಮನದಲ್ಲಿರಲಿ. ನನ್ನ ಗಮನದಲ್ಲಿ ಇರಲಿಲ್ಲ!

ಭಾನುವಾರ ಅತ್ತೆ ಸೊಸೆ ಇಬ್ಬರೂ ಬಜಾಜ್ ನಗರಕ್ಕೆ ಭಜನೆಗೆ ಹೋದರು. ಲಿಫ್ಟಿನ ಬಾಗಿಲು ಮುಚ್ಚಿದ ಸದ್ದು ಕೇಳಿದ ಕೂಡಲೇ ನಾನು ಬನಿಯನ್ ಪಂಚೆಯಲ್ಲಿ ಕಾರ್ಯಾಚರಣೆಗೆ ಇಳಿದೆ. ಅಚ್ಚಿನ ವಿಷಯದಲ್ಲಿ ನನ್ನದು ಹುಟ್ಟಿನಿಂದ ಬಂದ ಪಾಂಡಿತ್ಯ. ಹುಯ್ಯುವ ಮೊದಲು ಮರದ ಅಚ್ಚನ್ನು ನೀರಿನಲ್ಲಿ ಚೆನ್ನಾಗಿ ನೆನೆಸಬೇಕು, ಇಲ್ಲದಿದ್ದರೆ ಸಕ್ಕರೆ ಅಂಟುತ್ತದೆ. ಪಾಪ, ಆ ಗಡ್ಡಧಾರಿಗೆ ಇಷ್ಟೂ ತಿಳಿದಿರಲಿಲ್ಲ! ನಾನು ಶಾಸ್ತ್ರೋಕ್ತವಾಗಿ ನೆನೆಸಿದೆ. ಒಲೆಯ ಮೇಲೆ ಹಾಲಿನಂತಿದ್ದ ದ್ರವ ಮೊದಲು ಗಂಜಿಯಾಯಿತು, ಆಮೇಲೆ ತಿಳಿಯಾಯಿತು. ಗುಲಾಬಿ ಬಣ್ಣ ಅಷ್ಟನ್ನೂ ಸುರಿದೆ, ಮಿಂಚಿನ ಪುಡಿ ಅಷ್ಟನ್ನೂ ಸುರಿದೆ, "ಜೈ ಬಾಸ್" ಎಂದು ಒದ್ದೆ ಅಚ್ಚಿಗೆ ಹುಯ್ದೆ.

ಢಬ್!

ಕಾದ ಪ್ಲಾಸ್ಟಿಕ್ಕಿಗೂ ನೀರಿಗೂ ಜನ್ಮಾಂತರದ ವೈರ ಎಂದು ನನಗೆ ತಿಳಿದದ್ದು ಆಗ. ಅಚ್ಚಿನ ಬಾಯಿಂದ ಗುಲಾಬಿ ಚಿಲುಮೆ ಎದ್ದಿತು. ಗೋಡೆ ಗುಲಾಬಿ, ಮಿಕ್ಸಿ ಗುಲಾಬಿ, ನನ್ನ ಅರ್ಧ ಮೀಸೆ ಗುಲಾಬಿ! ಕನ್ನಡಕ ಇದ್ದದ್ದರಿಂದ ಕಣ್ಣು ಉಳಿಯಿತು. ಯಾವ ಸಕ್ಕರೆಯೂ ನನ್ನ ಅಮ್ಮನಿಗೆ ಹೀಗೆ ಎದುರು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

ಛಲ ಬಿಡಲಿಲ್ಲ. ಅಚ್ಚನ್ನು ಬಿಸಿಲಿನಲ್ಲಿ ಒಣಗಿಸಿದೆ, ಎಳ್ಳೆಣ್ಣೆ ಸವರಿದೆ. ಗುಲಾಬಿ ಮುಗಿದಿತ್ತು, ಬಿಳಿ ಬಣ್ಣ ಉಳಿದಿತ್ತು. ಹುಯ್ದು, ಕಾದು, ದಾರ ಬಿಚ್ಚಿದರೆ, ಆಹಾ! ಹೊಟ್ಟೆ ತುಂಬಿದ ಬಿಳಿ ಮೀನು, ಮೈ ತುಂಬ ಹುರುಪೆ. ಬಾಲ ಮುಟ್ಟಿದರೆ ಥಕಥಕ ಕುಣಿಯಿತು. ಒಂದರ ಹಿಂದೆ ಒಂದು ಮಾಡಿ ತಟ್ಟೆ ತುಂಬಿಸಿದೆ. ನೋಡಲು ಥೇಟ್ ಅಮ್ಮನ ಸಕ್ಕರೆ ಮೀನು.

ಅಷ್ಟರಲ್ಲಿ ಕರೆಗಂಟೆ. ತಟ್ಟೆಯನ್ನು ಉಗ್ರಾಣದ ಮೇಲಿನ ಹಲಗೆಗೆ ತಳ್ಳಿ, ಗೋಡೆಯ ಕಲೆಯ ಮೇಲೆ ಹಾಲ್‌ನಲ್ಲಿದ್ದ ಕ್ಯಾಲೆಂಡರು ತಂದು ನೇತುಹಾಕಿ, ಮೀಸೆ ಒರೆಸಿಕೊಂಡು ಬಾಗಿಲು ತೆಗೆದೆ.

"ಕ್ಯಾಲೆಂಡರ್ ಯಾಕ್ರೀ ಒಲೆ ಹಿಂದೆ ಬಂತು?" ಮೃಣಾಲಿನಿಯ ಮೊದಲ ಪ್ರಶ್ನೆ.

"ಅಡುಗೆ ಮಾಡೋವಾಗ ತಿಥಿ ನೋಡೋಕೆ ಅನುಕೂಲ ಆಗ್ಲಿ ಅಂತ!"

ಅಮ್ಮ ಮೂಗು ಅರಳಿಸಿ ಗಾಳಿಯನ್ನು ಎರಡು ಸಲ ಎಳೆದುಕೊಂಡಳು. ಆಮೇಲೆ ದೇವರ ಕೋಣೆಗೆ ಹೋದಳು.

ಹಬ್ಬದ ದಿನ ರಜೆ ಹಾಕಿದ್ದೆ. ಸ್ನಾನ ಮುಗಿಸಿ, ಮಡಿ ಉಟ್ಟು, ನನ್ನ ಸೃಷ್ಟಿಯನ್ನೊಮ್ಮೆ ನೋಡಿ ಬರೋಣವೆಂದು ಉಗ್ರಾಣಕ್ಕೆ ಹೋದರೆ ಹಲಗೆ ಖಾಲಿ!

"ಮೃಣಾ, ಮೇಲಿದ್ದ ತಟ್ಟೆ ಎಲ್ಲಿ?"

"ಅದಾ? ಒಂದಷ್ಟು ಹೋಳಾಗಿದ್ವು, ಡಬ್ಬಿಗೆ ತುಂಬೋಕೆ ಅಚ್ಚು ಸಾಲದೆ ಬಂತು. ಅಮ್ಮ ಮೇಲೆ ನೋಡ್ತೀನಿ ಅಂತ ತಟ್ಟೆ ಇಳಿಸ್ಕೊಂಡ್ರು. ಬರೋಬರ್ ಸರಿಹೋಯ್ತು. ಎಲ್ಲಾ ಮನೆಗೂ ಈಗಷ್ಟೇ ಕೊಟ್ಟು ಬಂದೆ."

ನನ್ನ ಕಾಲ ಕೆಳಗಿನ ಟೈಲ್ಸ್ ಜಾರಿತು. ಇಡೀ ಕಟ್ಟಡ ನನ್ನ ಪ್ಲಾಸ್ಟಿಕ್ಕನ್ನು ಅಗಿಯಲಿದೆ! ಅದೂ ಅಮ್ಮನ ಹೆಸರಿನಲ್ಲಿ! ಅಮ್ಮನನ್ನೇ ಕೇಳಿಬಿಡಬಹುದಿತ್ತು. ಆದರೆ ಏನೆಂದು ಕೇಳಲಿ? ದೇವರ ನೈವೇದ್ಯದ ಅಚ್ಚಿನಲ್ಲಿ ಗಾಳದ ಮೀನು ಹುಯ್ದೆ ಎಂದೇ? ಅವಳು ಪೂಜೆಯಲ್ಲಿದ್ದಳು. ಗಂಟೆಯ ಸದ್ದು ನಿಲ್ಲುವುದರೊಳಗೆ ಒಂದು ಬಟ್ಟೆ ಚೀಲ ಹಿಡಿದು ಓಡಿದೆ.

ಮೊದಲ ಬಾಗಿಲು ಪಕ್ಕದ ಮನೆಯ ವಾಂಖೇಡೆ ಕಾಕು ಅವರದು; ಕಾಕು ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ. ಬಣ್ಣದ ಕಾಗದ ಸುತ್ತಿದ ಡಬ್ಬಿ ಇನ್ನೂ ಟಿವಿಯ ಪಕ್ಕದಲ್ಲೇ ಇತ್ತು. ಸದ್ಯ!

"ಕಾಕು, ಆ ಡಬ್ಬಿ ವಾಪಸ್ ಬೇಕು. ಇರುವೆ ಬಿದ್ದಿದೆ" ಎಂದೆ ಮರಾಠಿಯಲ್ಲಿ.

"ಒಳ್ಳೇ ಸಕ್ಕರೆಗೇ ಅಲ್ವೇನೋ ಇರುವೆ ಬರೋದು? ನಾನು ಕೊಡವಿ ತಿಂತೀನಿ" ಎಂದು ಕಾಕು ಡಬ್ಬಿಯನ್ನು ಎದೆಗವಚಿಕೊಂಡರು. ಅವರ ಉಗುರು ಕಾಗದದ ಅಂಚಿಗೆ ಹೋಯಿತು. ನನಗೆ ಬೆವರು ಕಿತ್ತುಕೊಂಡಿತು.

"ಇರುವೆ ಅಲ್ಲ ಕಾಕು... ಅಮ್ಮ... ಸಕ್ಕರೆ ಅಂತ ಉಪ್ಪು ಹಾಕಿಬಿಟ್ಟಿದ್ದಾಳೆ!"

ಕಾಕು ಅವರ ಕೈ ಸಡಿಲವಾಯಿತು. ಡಬ್ಬಿಯನ್ನು ನನ್ನ ಕೈಗಿಟ್ಟು ನಿಟ್ಟುಸಿರುಬಿಟ್ಟರು. "ವಯ ಝಾಲಂ ಆತಾ ತ್ಯಾಂಚಂ. ಎಂಥ ಕೈ ಅವರದ್ದು! ಜೋಪಾನ ಮಾಡೋ."

ಅಮ್ಮನಿಗೆ ವಯಸ್ಸಾಯಿತು ಎಂದು ಅವರು ಮರುಗಿದಾಗ ನನಗೆ ಚುರುಕ್ಕೆಂದದ್ದು ನಿಜ. ಆದರೆ ಮಂತ್ರ ಫಲಿಸಿತ್ತಲ್ಲ! ಎಲ್ಲ ಬಾಗಿಲಲ್ಲೂ ಅದನ್ನೇ ಜಪಿಸಿದೆ. ಎಲ್ಲರೂ ಡಬ್ಬಿ ಕೊಟ್ಟರು, ಎಲ್ಲರೂ ನಿಟ್ಟುಸಿರುಬಿಟ್ಟರು. ಮೂರನೇ ಮಹಡಿಯಲ್ಲಿ ಡಾಕ್ಟರ್ ಯಶಸ್ ಸಿಕ್ಕಿದ. ಬೆಂಗಳೂರಿನಿಂದ ಹೊಸದಾಗಿ ಬಂದ ಹುಡುಗ, ನರರೋಗದ ವೈದ್ಯ.

"ಉಪ್ಪಾ? ಅಂಕಲ್, ಇದು ಎಷ್ಟು ದಿನದಿಂದ?"

"ಇವತ್ತೇ ಮೊದಲು..."

"ನೀವು ಗಮನಿಸಿರಲ್ಲ. ಹೆಸರು ಮರೀತಾರಾ? ದಾರಿ ತಪ್ಪುತ್ತಾ? ಸಿಟ್ಟು ಜಾಸ್ತಿನಾ?"

"ಸಿಟ್ಟು ಮೊದಲಿಂದ್ಲೂ ಇದೆ!"

"ನೆಗ್ಲೆಕ್ಟ್ ಮಾಡ್ಬೇಡಿ ಅಂಕಲ್. ನಾನೇ ಬಂದು ನೋಡ್ತೀನಿ."

ಬೇಡವೆಂದು ಹೇಳುವ ಮುಂಚೆ ಅವನು ಚಪ್ಪಲಿ ಹಾಕಿಕೊಂಡು ಮೆಟ್ಟಿಲಿಳಿದಿದ್ದ. ನಾನು ಉಳಿದ ಬಾಗಿಲುಗಳನ್ನು ಮುಗಿಸಿ, ತುಂಬಿದ ಚೀಲ ಹೊತ್ತು ಮನೆಗೆ ಬರುವಷ್ಟರಲ್ಲಿ ನಮ್ಮ ಹಾಲ್‌ನಲ್ಲಿ ವಾಂಖೇಡೆ ಕಾಕು ಅಮ್ಮನ ಬೆನ್ನು ಸವರುತ್ತಿದ್ದರು. ಯಶಸ್ ಎದುರಿಗೆ ಕುಳಿತಿದ್ದ.

"ಅಜ್ಜಿ, ಗಾಬರಿ ಬೇಡ. ಇವತ್ತು ಯಾವ ವಾರ ಹೇಳಿ ನೋಡೋಣ?"

ಅಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಮಂಗಳವಾರ. ಕ್ರೋಧಿ ಸಂವತ್ಸರ, ಪುಷ್ಯ ಬಹುಳ ಪಾಡ್ಯ. ಬೆಳಿಗ್ಗೆ ಪುನರ್ವಸು ಇತ್ತು, ಈಗ ಪುಷ್ಯ ನಕ್ಷತ್ರ. ನಿನ್ನ ನಕ್ಷತ್ರ ಯಾವುದಪ್ಪಾ?"

ಯಶಸ್ ತಲೆ ಕೆರೆದುಕೊಂಡ. "ಮಮ್ಮಿಗೆ ಫೋನ್ ಮಾಡಿ ಕೇಳ್ಬೇಕು ಅಜ್ಜಿ."

ನಾನು ಮೆಲ್ಲಗೆ ಅಡುಗೆಮನೆಗೆ ಸರಿದು ಒಂದು ಡಬ್ಬಿಯ ಕಾಗದ ಹರಿದೆ. ಎಳ್ಳು, ಬೆಲ್ಲ, ಕೊಬ್ಬರಿ. ಮೇಲೊಂದು ಬಿಳಿ ಗಿಳಿ. ಮುಟ್ಟಿದೆ. ಗಟ್ಟಿ! ಇನ್ನೊಂದು ಹರಿದೆ. ಗೋಪುರ, ಗಟ್ಟಿ! ಮತ್ತೊಂದರಲ್ಲಿ ಮೀನು. ನೆಕ್ಕಿದೆ. ಅಪ್ಪಟ ಸಕ್ಕರೆ!

"ಹುಡುಕ್ತಿರೋದು ಇದನ್ನೇನೋ, ವಿಜೂ?"

ಬಾಗಿಲಲ್ಲಿ ಅಮ್ಮ. ಕೈಯಲ್ಲಿ ನನ್ನ ತಟ್ಟೆ. ನನ್ನ ಮೀನುಗಳೆಲ್ಲ ಅವಳ ನಡಿಗೆಗೆ ಬಾಲ ಅಲ್ಲಾಡಿಸುತ್ತಿದ್ದವು.

"ಐವತ್ತು ವರ್ಷದಿಂದ ಅಚ್ಚು ಹುಯ್ತಿದೀನಿ. ಕೈಗೆತ್ಕೊಂಡ್ರೆ ಬಾಲ ಅಲ್ಲಾಡಿಸೋ ಸಕ್ಕರೇನ ಗುರುತಿಸೋಕೆ ಆಗಲ್ವೇನೋ ನನಗೆ? ಆಗಲೇ ಇದನ್ನ ತೆಗೆದಿಟ್ಟು, ಉಳಿದ ಡಬ್ಬಿಗೆ ಬರೀ ಎಳ್ಳು ಬೆಲ್ಲ ತುಂಬಿ ಕೊಟ್ಟೆ."

"ಅಮ್ಮಾ, ನಿನ್ನ ಅಚ್ಚು ಮುಟ್ಟಿದ್ದು ತಪ್ಪಾಯ್ತು..."

"ಅಚ್ಚು ಹಾಳಾಗ್ಲಿ! ತೊಳೆದ್ರೆ ಹೋಗತ್ತೆ." ಅಮ್ಮನ ದನಿ ಒಡೆಯಿತು. "ನಾನು ಸಕ್ಕರೆಗೆ ಉಪ್ಪು ಹಾಕಿದೀನಿ ಅಂತ ಮನೆ ಮನೆಗೂ ಹೇಳ್ಬಂದ್ಯಲ್ಲೋ! ಆ ಸ್ಟೂಲ್ ಮೇಲೆ ಕೂತು ಕೂತು ಸೊಂಟ ಹಿಡ್ಕೊಂಡಿತ್ತು ಕಣೋ. ಆದ್ರೂ ಮಾಡ್ದೆ. ಯಾಕೆ ಗೊತ್ತಾ? ಈ ಊರಲ್ಲಿ ನನಗೆ ಇಷ್ಟು ವರ್ಷ ಆದ್ರೂ ಮರಾಠಿ ನೆಟ್ಟಗೆ ಬರಲ್ಲ. ನಾನು ಯಾರು ಅಂತ ಇವರಿಗೆಲ್ಲ ಗೊತ್ತಿರೋದು ಈ ಅಚ್ಚಿಂದ."

ಅಮ್ಮನ ಕಣ್ಣಲ್ಲಿ ನೀರು ಕಂಡು ನಾನು ಅವಳ ಕೈಯಿಂದ ತಟ್ಟೆ ತೆಗೆದುಕೊಂಡು ಕೆಳಗಿಟ್ಟೆ. ಮೃಣಾಲಿನಿ ಕ್ಯಾಲೆಂಡರು ಎತ್ತಿ ಗೋಡೆ ನೋಡುತ್ತಿದ್ದಳು. ಅವಳ ವಿಚಾರಣೆ ಬೇರೆಯೇ ಬಾಕಿಯಿತ್ತು.

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ತೀರ್ಪು ಕೊಟ್ಟಳು: "ಡಬ್ಬಿಗೆಲ್ಲ ಹೊಸ ಕಾಗದ ಸುತ್ತು. ನಾನೂ ಬರ್ತೀನಿ. ಪ್ರತಿ ಬಾಗಿಲಲ್ಲೂ ಅವರ ಡಬ್ಬಿ ಅವರಿಗೆ ಕೊಟ್ಟು, ಎಲ್ಲರೆದುರು ನೀನೊಂದು ಅಚ್ಚು ತಿಂದು ತೋರಿಸ್ಬೇಕು. ಹೋಳಾಗಿರೋವು ನಿನಗೆ ಅಂತ ತೆಗೆದಿಟ್ಟಿದೀನಿ."

ಖಾಪರಖೇಡಾದಲ್ಲೂ ಹೋಳಾದದ್ದೇ ನನ್ನ ಪಾಲು. ಅಲ್ಲಿಯೂ ಹೀಗೆಯೇ ಅಮ್ಮನ ಜೊತೆ ತಟ್ಟೆ ಹಿಡಿದು ಮನೆ ಮನೆಗೆ ಹೋಗುತ್ತಿದ್ದೆ. ಈಗ ಅವಳು ನನ್ನ ತೋಳು ಹಿಡಿದಿದ್ದಳು, ಮೆಟ್ಟಿಲಿಗೊಮ್ಮೆ ನಿಲ್ಲುತ್ತಿದ್ದಳು. ಬಾಗಿಲು ತೆಗೆದ ಕೂಡಲೇ ನಾನು ಗಿಳಿಯ ಕೊಕ್ಕನ್ನೋ ಗೋಪುರದ ಕಳಶವನ್ನೋ ಬಾಯಿಗೆ ಹಾಕಿ ಕಟಕಟನೆ ಅಗಿದು ಆನಂದ ತೋರಿಸಬೇಕು. ತೋರಿಸುವುದೇನು, ನಿಜವಾಗಿಯೂ ಆನಂದವಾಗುತ್ತಿತ್ತು. ಆ ರುಚಿ ಒಂದು ಚೂರೂ ಬದಲಾಗಿರಲಿಲ್ಲ.

ನಾನು ಅಗಿಯುತ್ತಿರುವಾಗ ಅಮ್ಮ ಎಲ್ಲರಿಗೂ ತನ್ನ ಮರಾಠಿಯಲ್ಲಿ ನಗುನಗುತ್ತ ಒಂದೇ ವಿವರಣೆ ಕೊಟ್ಟಳು: "ಮಾಝ್ಯಾ ಮುಲಾಚಂ ವಯ ಝಾಲಂ. ಮಗನಿಗೆ ವಯಸ್ಸಾಯ್ತು, ಸಕ್ಕರೆ ಯಾವುದು ಉಪ್ಪು ಯಾವುದು ತಿಳಿಯಲ್ಲ." ವಾಂಖೇಡೆ ಕಾಕು ನನ್ನನ್ನು ನೋಡಿ ಬಿಟ್ಟ ನಿಟ್ಟುಸಿರು ಮೊದಲಿನದಕ್ಕಿಂತ ಉದ್ದವಾಗಿತ್ತು.

ಕೊನೆಗೆ ಯಶಸ್‌ನ ಬಾಗಿಲು. ಅಷ್ಟೊತ್ತಿಗೆ ನನ್ನ ದವಡೆ ಸೋತಿತ್ತು, ಬಾಯಿ ತುಂಬ ಸಕ್ಕರೆ. ಅವನು ನನ್ನನ್ನೇ ದಿಟ್ಟಿಸಿ, ತುಂಬ ಮೃದುವಾಗಿ ಕೇಳಿದ: "ಅಂಕಲ್, ಇವತ್ತು ಯಾವ ವಾರ?"

ಸತ್ಯವಾಗಿ ಹೇಳುತ್ತೇನೆ, ಭಾನುವಾರದ ಸ್ಫೋಟ, ಹಬ್ಬದ ರಜೆ, ಬೆಳಗಿನಿಂದ ಓಡಾಟ, ಎಲ್ಲ ಸೇರಿ ತಲೆಯೊಳಗೆ ವಾರಗಳೆಲ್ಲ ಕಲಸಿಹೋಗಿದ್ದವು. ಬಾಯಿ ತೆರೆದೆ, ಮುಚ್ಚಿದೆ. ಯಶಸ್ ಜೇಬಿನಿಂದ ಪೆನ್ನು ತೆಗೆದ.

ಅಮ್ಮ ನನ್ನ ತೋಳು ಚಿವುಟಿ, ಸೆರಗಿನ ಮರೆಯಲ್ಲಿ ಪಿಸುಗುಟ್ಟಿದಳು: "ಮಂಗಳವಾರ ಅನ್ನೋ, ಪೆದ್ದೇ!"